ಮರ ಇದ್ದ ಜಾಗ

“ಅಲ್ಲಾಡಬ್ಯಾಡ್ರಿ! ಇದ್ದಲ್ಲೇ ನಿಂದರ್ರಿ!”

ಹೊರಗಿನಿಂದ ಬಂದ ಗಂಡಸಿನ ಕೂಗಿಗೆ ಸ್ನೇಹಲಳ ಕಾಲು ನೆಲಕ್ಕೆ ಅಂಟಿಕೊಂಡವು.

ಖಾನಾಪುರದ ಅಂಚಿನಲ್ಲಿ ಎಂದೋ ಮುಚ್ಚಿಹೋದ ಹಂಚಿನ ಕಾರ್ಖಾನೆ ಅದು. ಬಾಗಿಲು ತೆರೆದೇ ಇತ್ತು. ಕರೆದರೆ ಯಾರೂ ಓಗೊಡಲಿಲ್ಲ. ಒಳಗೆ, ಸೂರು ಮುಟ್ಟುವ ಹಾಗೆ ನಿಂತಿದ್ದ ಕೆಂಪು ಮಣ್ಣಿನ ದಪ್ಪ ಕಂಬ ಕಂಡು, ಅದರ ಬುಡದ ಸೀಳಿನಲ್ಲಿ ಸುಮ್ಮನೆ ಇಣುಕಿದ್ದಳು. ಇಣುಕಿದವಳು ಅದು ಹೇಗೋ ಒಳಗೇ ಬಂದುಬಿಟ್ಟಿದ್ದಳು!

“ಮ್ಯಾಲಿನ ತುಂಡು ಇನ್ನೂ ಬಿಗಿದಿಲ್ರಿ. ಭುಜಾ ತಾಗಿಸಬ್ಯಾಡ್ರಿ. ನಾ ತಂತಿ ಬಿಗೀತೀನಿ... ಅಲ್ಲೀತನಕ ಉಸಿರಾಡ್ರಿ, ಅಷ್ಟ ಸಾಕು.”

ಹೆದರಿಕೆಯಲ್ಲೇ ಸ್ನೇಹಲ ತಲೆ ಎತ್ತಿದಳು.

ಎತ್ತಿದ ತಲೆ ಹಾಗೇ ನಿಂತಿತು.

ಸೂರಿನ ಹಂಚುಗಳನ್ನು ಅಲ್ಲಿ ತೆಗೆದಿದ್ದರು. ಮೇಲಿನಿಂದ ಬಿಸಿಲು ಆ ಟೊಳ್ಳಿನೊಳಗೆ ಜಾರಿ ಜಾರಿ ಇಳಿಯುತ್ತಿತ್ತು. ಸುತ್ತಲಿನ ಗೋಡೆಯ ತುಂಬ ಮೊಸಳೆಯ ಬೆನ್ನಿನಂಥ ಬಿರುಕುಗಳು, ಇರುವೆಗಳು ಓಡಾಡಿ ಸವೆದ ಗೆರೆಗಳು, ಎಂದೋ ಮುರಿದ ಟೊಂಗೆಯ ಗಂಟು, ಯಾರೋ ಮೊಳೆ ಹೊಡೆದ ಗಾಯ... ಎಲ್ಲವೂ ತಿರುವುಮುರುವಾಗಿ, ಉಬ್ಬಿದ್ದು ತಗ್ಗಾಗಿ, ತಗ್ಗಿದ್ದು ಉಬ್ಬಾಗಿ.

“ಇದೇನ್ರಿ ಇದು?” ಅವಳ ದನಿ ಆ ಟೊಳ್ಳಿನಲ್ಲಿ ಗುಂಯ್ ಅಂದಿತು.

“ಮತ್ತಿ ಮರಾರಿ.” ಮಣ್ಣಿನ ಆಚೆಯಿಂದ ಉತ್ತರ ಬಂತು. “ಜಾಂಬೋಟಿ ರಸ್ತಾದಾಗ ನಮ್ಮ ಬಸ್‌ಸ್ಟಾಪಿನ ಬಾಜೂಕ ಇತ್ತು. ರಸ್ತಾ ಅಗಲ ಮಾಡಾಕ ಕಡದ್ರು. ಕಡಿಯೂಕಿಂತ ಮೊದಲ, ಬುಡದಿಂದ ಟೊಂಗಿ ತನಕ ಹಸಿಮಣ್ಣು ಒತ್ತಿ ಒತ್ತಿ ಅಚ್ಚು ತಗದೆ. ಆಮ್ಯಾಲೆ ಸುಟ್ಟು ಜೋಡಿಸೇನಿ.”

“ಅಂದ್ರ ನಾ ಈಗ ಮರದ ಒಳಗ...”

“ಒಳಗಲ್ರಿ. ಮರಾ ನಿಂತಿತ್ತಲ್ಲ, ಆ ಜಾಗಾದಾಗ ನೀವು ನಿಂತೀರಿ.”

ಸ್ನೇಹಲಳ ಮೈ ಜುಮ್ಮೆಂದಿತು. ನೂರಾರು ವರ್ಷ ಒಂದು ಮರ ನಿಂತಿದ್ದ ಜಾಗ! ಅಲ್ಲಿ ಈಗ ಬರೀ ಗಾಳಿ, ಬೆಳಕು... ಮತ್ತು ಅವಳು. ಯಾಕೆ ಅಂತ ತಿಳಿಯುವ ಮೊದಲೇ ಕಣ್ಣು ತುಂಬಿ ಬಂದವು.

“ಆತ್ರಿ. ಈಗ ಹೊರಗ ಬರ್ರಿ.”

ಬಂದಳು. ಎದುರಿಗೆ ಮೊಣಕೈವರೆಗೂ ಮಣ್ಣು ಮೆತ್ತಿಕೊಂಡ ಎತ್ತರದ ಯುವಕ. ಬೈಯಲೆಂದು ಬಾಯಿ ತೆರೆದಿದ್ದವನು ಅವಳ ಒದ್ದೆ ಕಣ್ಣು ನೋಡಿ, ಬೈಯದೆ ಕೈಯ ಮಣ್ಣು ಒರೆಸಿಕೊಂಡ.

ಅವನೇ ಗೌರೀಶ. ಖಾನಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ.

ಸ್ನೇಹಲ ಬಂದಿದ್ದು ಬೆಳಗಾವಿಯಿಂದ, ‘ಊರೇ ಗ್ಯಾಲರಿ’ ಎಂಬ ಕಲಾ ಸ್ಪರ್ಧೆಯ ಕಡೆಯಿಂದ. ಇಡೀ ಬೆಳಗಾವಿಯ ಅಂಗಡಿ, ಹೋಟೆಲು, ವಾಚನಾಲಯ, ಸಾಲಿಗಳೇ ಆ ಸ್ಪರ್ಧೆಗೆ ಪ್ರದರ್ಶನದ ಜಾಗಗಳು. ಯಾವ ಕಲಾವಿದನಿಗೆ ಯಾವ ಜಾಗ ಅಂತ ಹೊಂದಿಸುವುದು ಅವಳ ಕೆಲಸ. “ಸ್ನೇಹಲಂದು ವಧು-ವರರ ಮೇಳಾವಾ” ಅಂತ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ಆದರೆ ಆ ಕೆಲಸದಲ್ಲಿ ಅವಳ ಕೈ ಭಾರಿ ಚಲೋ. ಅಕ್ಕಿಕಾಳಿನಷ್ಟು ಸಣ್ಣ ಚಿತ್ರ ಬರೆಯುವ ಅಜ್ಜನಿಗೆ ಚಷ್ಮಾ ಅಂಗಡಿ ಹುಡುಕಿ ಕೊಟ್ಟವಳು ಅವಳೇ!

“ನೀವು ಸ್ಪರ್ಧೆಗೆ ಕಳಿಸಿದ ಫೋಟೋದಾಗ ಇದು ಬರೀ ಮಣ್ಣಿನ ಕಂಬ ಕಂಡಂಗ ಇತ್ರಿ. ಇಷ್ಟ ದೊಡ್ಡದು ಅಂತ ಗೊತ್ತಾಗಲಿಲ್ಲ,” ಅಂದಳು.

“ಮೂವತ್ತು ಫೂಟ್ ಐತ್ರಿ. ಅದಕ್ಕ ಯಾರೂ ಜಾಗಾ ಕೊಡಂಗಿಲ್ಲ ಅನ್ನೂದೂ ಗೊತ್ತೈತಿ.” ಅವನು ನಕ್ಕ. ಆ ನಗೆಯಲ್ಲಿ ಆಸೆ ಇರಲಿಲ್ಲ.

ಸ್ನೇಹಲ ಇನ್ನೊಮ್ಮೆ ಆ ಮರವನ್ನು, ಅಲ್ಲ, ಮರವಿಲ್ಲದ ಆ ಮರವನ್ನು ನೋಡಿದಳು.

“ನಾ ಹುಡುಕ್ತೀನ್ರಿ. ಒಂದು ಇಂಚೂ ಕಡಿಮಿ ಆಗದಂಗ ಜಾಗಾ ಹುಡುಕ್ತೀನಿ. ಖರೇನ.”

*

ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ ಹುಡುಕುವುದು.

ಬಟ್ಟೆಯ ದೊಡ್ಡ ಶೋರೂಮಿನವರು “ಮ್ಯಾಲೆ ತೂಗಬಿಟ್ಟ ಝೂಮರ್ ದೀಪಾ ತಗ್ಯಾಕ ಆಗಂಗಿಲ್ರಿ” ಅಂದರು. ಮುಚ್ಚಿದ ಟಾಕೀಜಿನ ಬಾಗಿಲು ಸಣ್ಣದು. ಕಾಲೇಜಿನ ಸಭಾಂಗಣಕ್ಕೆ ಆಗಲೇ ಬೇರೆ ಕಲಾವಿದೆ ಸಿಕ್ಕಿದ್ದಳು. ಸ್ನೇಹಲ ಸ್ಕೂಟಿ ಮೇಲೆ ಊರೆಲ್ಲ ತಿರುಗಿದಳು. ರಸ್ತೆ ನೋಡುವ ಬದಲು ಛಾವಣಿಗಳನ್ನೇ ನೋಡುತ್ತ ತಿರುಗಿದಳು.

ಸಂಜೆ ಫೋನ್ ಮಾಡಿ ಆ ದಿನದ ಸೋಲನ್ನೆಲ್ಲ ಗೌರೀಶನಿಗೆ ಹೇಳುವಳು. ಅವನು ಸಮಾಧಾನ ಮಾಡುವನು. ಮಾತು ಮರದಿಂದ ಶುರುವಾಗಿ ಎಲ್ಲೆಲ್ಲೋ ಹೋಗುತ್ತಿತ್ತು. ಅವನ ಸಾಲಿ ಮಕ್ಕಳು ಅವನನ್ನು ‘ಮಣ್ಣಿನ ಸರ್’ ಅನ್ನುವುದು, ಅವನ ಅವ್ವ ಶಿವಬಸವ್ವ ಸಂತಿಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ ಕನ್ನಡದಲ್ಲಿ ಬೈಯುವುದು...

‘ಫೋನ್ ಇಟ್ಟ ಮೇಲೂ ಇವನ ದನಿ ಯಾಕೆ ಕಿವಿಯಲ್ಲೇ ಉಳಿಯುತ್ತೆ?’ ಅಂತ ಸ್ನೇಹಲ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಒಂದು ಶನಿವಾರ ಅವಳು ಇನ್ನೊಂದು ಗೋದಾಮು ನೋಡಿಕೊಂಡು ಶಿವಬಸವ ನಗರದ ಆಫೀಸಿಗೆ ಬರುವಷ್ಟರಲ್ಲಿ, ಮೊಬೈಲಿನಲ್ಲಿ ಗೌರೀಶನ ಮೆಸೇಜು ಕಾದಿತ್ತು.

‘ಕಡಿಯೂ ಮಂದಿ ಮೊದಲ ಕಡದಾರ್ರಿ. ಉಳದದ್ದನ್ನ ನನ್ನ ಕೈಲೆ ಕಡಸಬ್ಯಾಡ್ರಿ. ನನ್ನ ಹೆಸರು ತಗದ್ಹಾಕ್ರಿ.’

ಸ್ನೇಹಲಳಿಗೆ ಏನೂ ತಿಳಿಯಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್!

“ಮೇಡಂ, ಗೌರೀಶ ಅವರಿಗೆ ನಾವು ಏನರ ಹೇಳೇವೇನ್ರಿ?” ಅಂತ ಸ್ಪರ್ಧೆಯ ಮುಖ್ಯಸ್ಥೆ ನಾಗರತ್ನಾ ಮೇಡಂ ಅವರನ್ನು ಕೇಳಿದಳು.

“ಹೂಂ, ಜಾಗಾ ಹಂಚಾಕ ಇವತ್ತ ಕಡೀ ದಿನಾ ಅಲ್ಲ? ಉಳದವರಿಗೆಲ್ಲ ನಾನ ಜಾಗಾ ಹಾಕಿ ಕಳಿಸಿದೆ. ಆ ಮರಕ್ಕ ಮಂಗಲ ಕಾರ್ಯಾಲಯದ ಊಟದ ಹಾಲ್. ಹನ್ನೆರಡು ಫೂಟಿಗೆ ಇಳಸ್ರಿ ಅಂತ ಬರದೇನಿ. ಯಾಕ?”

“ಯಾರ ಹೆಸರಿಲೆ ಕಳಿಸಿದ್ರಿ ಮೇಡಂ?”

“ಜಾಗಾದ್ದೆಲ್ಲಾ ನಿನ್ನ ಹೆಸರಿಲೇನ ಹೋಗ್ತಾವಲ್ಲವಾ...”

ಸ್ನೇಹಲ ಗೌರೀಶನ ಮೆಸೇಜನ್ನು ಮತ್ತೆ ತೆಗೆದು ಓದಿದಳು. ಒಂದು ಇಂಚೂ ಕಡಿಮೆ ಮಾಡುವುದಿಲ್ಲ ಅಂದವಳು... ಅವನ ಕಣ್ಣಲ್ಲಿ ಈಗ ಕೊಡಲಿ ಹಿಡಿದವಳು!

ಮೇಡಂ ಕೆಟ್ಟವರಲ್ಲ. ಅವಳ ಮುಖ ನೋಡಿ ಮೆತ್ತಗೆ ಅಂದರು: “ಸೋಮವಾರದೊಳಗ ಜಾಗಾ ತೋರಿಸು. ಪೂರ್ತಿ ಮರಾನ ಇಡೂಣು. ಇಲ್ಲಂದ್ರ ನಾ ಏನ್ ಮಾಡಲಿ?”

*

ಬೆಳಗಾವಿಯಲ್ಲಿ ಮೂವತ್ತು ಫೂಟಿಗಿಂತ ಎತ್ತರದ ಒಂದು ಸೂರು ಸ್ನೇಹಲಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅಲ್ಲಿಗೆ ಹೋಗಿ ಕೇಳುವ ಧೈರ್ಯವೇ ಆಗಿರಲಿಲ್ಲ, ಅಷ್ಟೇ.

ಅದು ಉದ್ಯಮಬಾಗದಲ್ಲಿದ್ದ ಅವಳ ತಂದೆಯ ಫೌಂಡ್ರಿ, ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆ. ಕ್ರೇನ್ ಓಡಾಡುವ ದೊಡ್ಡ ಶೆಡ್ಡು. ಆದರೆ ಅಪ್ಪ ಭೂಪಾಲ ಸಾಹೇಬರು ಹಬ್ಬಕ್ಕೂ ಭಟ್ಟಿ ಆರಿಸಲು ಒಲ್ಲದ ಮನುಷ್ಯ. ಮಗಳ ಕೆಲಸವನ್ನು ‘ಚಿತ್ರಾ ತೂಗ್ಹಾಕೂ ಕೆಲಸ’ ಅಂತ ಕರೆಯುತ್ತಿದ್ದರು.

ರವಿವಾರ ಬೆಳಿಗ್ಗೆ ಶಹಾಪುರದ ಮನೆಯಲ್ಲಿ ಅವರು ಬಸದಿಗೆ ಹೋಗಿ ಬಂದು ಕುಳಿತಾಗ ಸ್ನೇಹಲ ಎದುರಿಗೆ ನಿಂತಳು.

“ಪಪ್ಪಾ, ನನ್ನ ಜೋಡಿ ಖಾನಾಪುರಕ್ಕ ಬರ್ತೀರೇನ್ರಿ? ಒಂದ ನೋಡೂದೈತಿ.”

“ಏನ್ ನೋಡೂದು?”

“ಹೇಳಾಕ ಬರೂದಿಲ್ಲ ಪಪ್ಪಾ. ನೋಡಬೇಕು ಅದನ್ನ.”

ಮಗಳು ಏನನ್ನೂ ಕೇಳುವವಳಲ್ಲ. ಅವರು ಎದ್ದು ಕಾರಿನ ಚಾವಿ ತೆಗೆದುಕೊಂಡರು.

ಕಾರ್ಖಾನೆಯ ಬಾಗಿಲಲ್ಲಿ ಕಾರು ನಿಲ್ಲುತ್ತಲೇ ಸ್ನೇಹಲ ಓಡಿದಳು.

ಗೌರೀಶ ಅಟ್ಟಣಿಗೆಯ ತುದಿಯಲ್ಲಿದ್ದ. ಕೈಯಲ್ಲಿ ಇಕ್ಕಳ. ಮೇಲಿನ ಕೆಲವು ತುಂಡುಗಳು ಆಗಲೇ ಇಳಿದು ನೆಲದ ಮೇಲೆ ಸಾಲಾಗಿ ಮಲಗಿದ್ದವು!

“ಬಿಡ್ರಿ! ಗೌರೀಶ, ಬಿಡ್ರಿ ಅದನ್ನ!”

“ಹೆಸರು ತಗದ ಮ್ಯಾಲೆ ಎಲ್ಲಾ ಬಿಚ್ಚಿ ಇಡಾಕತ್ತೇನ್ರಿ. ಹನ್ನೆರಡು ಫೂಟ್ ಆತೋ ಇಲ್ಲೋ ನೋಡಾಕ ಬಂದೀರೇನು?” ಅವನು ತಿರುಗಿ ನೋಡಲಿಲ್ಲ.

“ಆ ಮೆಸೇಜಿನಾಗಿನ ಹೆಸರು ನಂದು. ಮಾತು ನಂದಲ್ಲ!”

“ನೀವೂ ಅವರೂ ಒಂದ ಆಫೀಸಿನವರು...”

“ಹೌದ್ರಿ, ಒಂದ ಆಫೀಸು. ಆದ್ರ ನೀವು ನನ್ನ ಒಂದ್ ಮಾತು ಕೇಳಬೇಕಿತ್ತು. ಬೈಯಾಕರ ಫೋನ್ ಎತ್ತಬೇಕಿತ್ತು! ಊರಾಗಿನ ಒಂದ್ ಸೂರೂ ಬಿಟ್ಟಿಲ್ಲ ನಾನು. ಮಂದಿ ಮುಖಾ ನೋಡಿಲ್ಲ, ಬರೀ ಸೂರ ನೋಡಕೋತ ಅಡ್ಡಾಡೇನಿ... ಯಾರ ಸಲುವಾಗಿ ಅಂತ ತಿಳದೀರಿ?”

ಮಾತು ಬಾಯಿಂದ ಜಾರಿದ ಮೇಲೆ ಸ್ನೇಹಲಳ ಮುಖ ಕೆಂಪಾಯಿತು. ಮೇಲಿದ್ದವನ ಕೈಯಲ್ಲಿ ಇಕ್ಕಳ ನಿಂತೇಹೋಯಿತು.

ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು... ಭೂಪಾಲ ಸಾಹೇಬರು ಅಲ್ಲಿಲ್ಲ!

ಮರದ ಬುಡದಲ್ಲಿ ಅವರ ಚಪ್ಪಲಿ ಇದ್ದವು.

ಒಳಗಿಂದ ಒಂದು ಸಪ್ಪಳವೂ ಇಲ್ಲ. ಗೌರೀಶ ಮೆಲ್ಲಗೆ ಕೆಳಗಿಳಿದು ಬಂದ. ಇಬ್ಬರೂ ಸೀಳಿನ ಎದುರು ಕಾದು ನಿಂತರು. ಎಷ್ಟು ಹೊತ್ತಾಯಿತೋ...

ಕೊನೆಗೆ ಸಾಹೇಬರು ಹೊರಗೆ ಬಂದರು. ಅಂಗೈಯೆಲ್ಲ ಕೆಂಪು ಧೂಳು.

“ಹುಟ್ಟಿದಾಗಿಂದ ಅಚ್ಚಿನ್ಯಾಗ ಎರಕಾ ಹೊಯ್ಯೂದು ನೋಡೇನಿ,” ಅಂದರು. “ಅಚ್ಚು ಅಂದ್ರ ಒಡದು ಒಗಿಯೂ ಸಾಮಾನು ಅಂತ ತಿಳದಿದ್ದೆ. ಅಚ್ಚಿನೊಳಗ ನಾನ ನಿಂತು ಎಂದೂ ನೋಡಿದ್ದಿಲ್ಲಪಾ... ಒಳಗ ಏನೂ ಇಲ್ಲ. ಆದ್ರೂ ಯಾರೋ ದೊಡ್ಡವರು ಇದ್ದಂಗ ಆತು.”

ಗೌರೀಶ ಕೈಯಲ್ಲಿನ ಇಕ್ಕಳ ಕೆಳಗಿಟ್ಟ.

“ಸುಟ್ಟ ಮ್ಯಾಲೆ ಕುಗ್ಗಿಲ್ಲೇನು?” ಅಂತ ಸಾಹೇಬರು ಕೇಳಿದರು.

“ಕುಗ್ಗೇತ್ರಿ ಕಾಕಾ. ಖರೇ ಮರಾ ಇದಕ್ಕಿಂತ ಒಂದು ಕೈ ದಪ್ಪ ಇತ್ರಿ.”

“ಇದಕ್ಕಿಂತಾನೂ!” ಸಾಹೇಬರು ಇನ್ನೊಮ್ಮೆ ಮೇಲೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. “ನಮ್ಮ ಶೆಡ್ಡಿನ್ಯಾಗ ಇದು ನಿಂದರತೈತೇನವಾ?”

“ಪಪ್ಪಾ...!”

“ಭಟ್ಟಿ ಆರಸೂಣು. ಕ್ರೇನ್ ಐತಿ, ಹುಡುಗೂರು ಅದಾರ. ಮರಾ ಎತ್ತಿ ನಿಂದರ್ಸೂಣು.”

ಸ್ನೇಹಲ ಅಪ್ಪನ ಧೂಳಿನ ಕೈಯನ್ನು ಹಿಡಿದುಕೊಂಡು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟಳು.

*

ಬೆಳಗಾವಿ ಅಂಥದ್ದನ್ನು ಹಿಂದೆಂದೂ ನೋಡಿರಲಿಲ್ಲ.

ಮಸಿ ಹಿಡಿದ ಆ ಶೆಡ್ಡಿನ ನಡುವೆ, ಸೂರಿನ ಗಾಜಿನ ತಗಡಿನಿಂದ ಇಳಿಯುವ ಬೆಳಕಿನಲ್ಲಿ ಕೆಂಪು ಮರ ನಿಂತಿತ್ತು. ಮೊದಲು ಒಳಗೆ ಹೋದವರು ಫೌಂಡ್ರಿಯ ಕೆಲಸಗಾರರೇ. ಹೋಗುವಾಗ ನಗುತ್ತ ಹೋದರು, ಬರುವಾಗ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದರು.

ಆಮೇಲೆ ಊರಿಗೆ ಊರೇ ಬಂತು. ಆಟೋದಲ್ಲಿ, ಸಿಟಿ ಬಸ್ಸಿನಲ್ಲಿ, ಗಾಡಿ ಮೇಲೆ. ಹೊರಗೆ ಗಲಾಟೆ ಮಾಡುತ್ತಿದ್ದ ಮಕ್ಕಳು ಒಳಗೆ ಹೋದದ್ದೇ ಸುಮ್ಮನಾಗುತ್ತಿದ್ದರು. ಒಬ್ಬ ಮುದುಕಿ ಒಳಗಿಂದ ಬರಲೇ ಒಲ್ಲೆ ಅಂದಳು. ಸಾಲಿನಲ್ಲಿ ನಿಂತವರು ಯಾರೂ ಅವಳನ್ನು ಕರೆಯಲಿಲ್ಲ. ನಾಗರತ್ನಾ ಮೇಡಂ ಕೂಡ ಹೋಗಿ ಬಂದು, ಕಣ್ಣೊರೆಸಿಕೊಂಡು, ಗೌರೀಶನ ಮುಂದೆ ಕೈಮುಗಿದರು.

“ಹನ್ನೆರಡು ಫೂಟ್ ಅಂತ ಬರದಾಕಿ ನಾನಪಾ. ಆ ಹುಡುಗಿದು ಏನೂ ತಪ್ಪಿಲ್ಲ.”

“ಗೊತ್ತಾಗೇತ್ರಿ ಮೇಡಂ,” ಅಂದ ಗೌರೀಶ. ಅವನ ಕಣ್ಣು ಜನರ ಆಚೆ ಸ್ನೇಹಲಳನ್ನು ಹುಡುಕುತ್ತಿದ್ದವು.

ಮೊದಲ ಬಹುಮಾನ ಚಷ್ಮಾ ಅಂಗಡಿಯ ಅಜ್ಜನಿಗೆ ಹೋಯಿತು. ಗೌರೀಶನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಕೊನೆಯ ದಿನ ಸಂಜೆ, ಜನ ಕರಗಿದ ಮೇಲೆ, ಅವನ ಅವ್ವ ಶಿವಬಸವ್ವ ಒಬ್ಬಳೇ ಮರದೊಳಗೆ ಹೋಗಿ ಗೋಡೆಗೆ ಕೆನ್ನೆ ಹಚ್ಚಿ ನಿಂತಳು. ಮಗನನ್ನು ಸಾಲಿಗೆ ಕಳಿಸಲು ಅದೇ ಮರದ ಕೆಳಗೆ ಬಸ್ಸು ಕಾಯುತ್ತಿದ್ದವಳು ಅವಳು. ಹೊರಬಂದು ಮಗನ ತಲೆ ಸವರಿ, ಭೂಪಾಲ ಸಾಹೇಬರ ಜೊತೆ ಮಾತಾಡುತ್ತ ಅಂಗಳದ ಕಡೆ ನಡೆದಳು.

ಶೆಡ್ಡಿನಲ್ಲಿ ಉಳಿದವರು ಇಬ್ಬರೇ.

“ಸ್ನೇಹಲ...” ಗೌರೀಶನ ಬಾಯಲ್ಲಿ ಮೊದಲ ಸಲ ಅವಳ ಹೆಸರಿನ ಜೊತೆ ‘ಮೇಡಂ’ ಇರಲಿಲ್ಲ. “ಆ ಮೆಸೇಜ್ ಬಂದಾಗ ನನಗ ಅಷ್ಟ್ ಸಿಟ್ಟ ಯಾಕ ಬಂತು ಗೊತ್ತೇನ್ರಿ?”

“ಮರಾ ಕಡೀರಿ ಅಂದಿದ್ದಕ್ಕ.”

“ಅಲ್ಲ. ಬ್ಯಾರೆ ಯಾರರ ಅಂದಿದ್ರ ನಕ್ಕು ಬಿಡ್ತಿದ್ದೆ. ಎಷ್ಟೋ ಮಂದಿ ಅಂದಾರ, ಬಿಟ್ಟೇನಿ. ನೀವು ಅಂದ್ರಿ ಅಂತ ತಿಳದೆ ನೋಡ್ರಿ... ಅವಾಗ ತಡಕೊಳ್ಳಾಕ ಆಗಲಿಲ್ಲ.” ಅವನು ತನ್ನ ಬೆರಳುಗಳನ್ನೇ ನೋಡುತ್ತಿದ್ದ. “ಮರಾ ಹೋದದ್ದು ತಡಕೊಂಡೇನಿ. ನಿಮ್ಮನ್ನ ಕಳಕೊಂಡ್ರ ಅದರ ಅಚ್ಚು ತಗ್ಯಾಕೂ ನನಗ ಬರಂಗಿಲ್ರಿ.”

ಸ್ನೇಹಲಳ ಎದೆ ಬಡಿತ ಆ ದೊಡ್ಡ ಸೂರಿಗೆಲ್ಲ ಕೇಳಿಸುತ್ತದೇನೋ ಅನ್ನಿಸಿತು.

“ಕಳಕೊಳ್ಳೂದು ಯಾಕ್ರಿ?” ಅಂದಳು ಮೆಲ್ಲಗೆ. “ನಾ ಎಲ್ಲೂ ಹೋಗಂಗಿಲ್ಲ.”

ಅವನು ಕೈ ಚಾಚಿದ. ಮಣ್ಣಿನಿಂದ ಒರಟಾದ ಕೈ. ಅವಳು ಹಿಡಿದಳು.

“ನಿಮ್ಮ ಮನ್ಯಾಗ ಒಪ್ಪತಾರೇನು?” ಅಂತ ಕೇಳಿದ. “ನೀವು ಜೈನರು, ನಾವು ಲಿಂಗಾಯತರು...”

“ಕೇಳೂಣು. ಹೆದರೂದು ಬ್ಯಾಡ.”

ಹೊರಗಿಂದ ಶಿವಬಸವ್ವನ ದನಿ ಬಂತು: “ಏ ಗೌರೀಶಾ! ಸ್ನೇಹಲನ್ನ ಕರಕೊಂಡ ಬಾ. ಬುತ್ತಿ ಬಿಚ್ಚೇನಿ. ಹೊತ್ತು ಮುಳುಗೂದ್ರೊಳಗ ಅವರು ಉಣಬೇಕು!”

ಸ್ನೇಹಲ ಅಚ್ಚರಿಯಿಂದ ಅವನ ಮುಖ ನೋಡಿದಳು. “ನಾವು ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ ಅಂತ ಅವ್ವಾರಿಗೆ ಹೆಂಗ ಗೊತ್ತು?”

ಗೌರೀಶ ತಲೆ ತಗ್ಗಿಸಿ ನಕ್ಕ.

“ಪಲ್ಯಾಕ ಉಳ್ಳಾಗಡ್ಡಿನೂ ಹಾಕಿಲ್ರಿ. ಬೆಳ್ಳುಳ್ಳಿನೂ ಇಲ್ಲ.”

“ಅಂದ್ರ... ಅವ್ವಾರಿಗೆ ಹೇಳೀರಿ?”

“ಭಾಳ ದಿನಾ ಆತು.”

“ಮತ್ತ ನನಗ ಇವತ್ತ ಹೇಳ್ತೀರಿ!”

“ತಡಾ ಆತು, ಖರೇ ಐತಿ.” ಅವನು ಅವಳ ಕೈ ಬಿಡಲಿಲ್ಲ. “ಊಟಕ್ಕರ ತಡಾ ಆಗೂದು ಬ್ಯಾಡ. ನಡೀ... ಬಿಸಿಲು ಇನ್ನೂ ಐತಿ.”