ನಗದೇ ಇದ್ದವನು

ಗುರುವಾರ ಬೆಳಿಗ್ಗೆ 10.20ಕ್ಕೆ ಆಕೆ ಠಾಣೆಯ ಒಳಗೆ ಕಾಲಿಟ್ಟಾಗ ರೈಟರ್ ತಲೆ ಎತ್ತಿ ನೋಡಿದರು. ನೋಡಿದ ಮರುಕ್ಷಣವೇ ತಲೆ ತಗ್ಗಿಸಿದರು. ಹೆಡ್ ಕಾನ್‌ಸ್ಟೇಬಲ್ ಆಗಿ ಹದಿನಾಲ್ಕು ವರ್ಷ, ಅದರಲ್ಲಿ ಒಂಬತ್ತು ವರ್ಷ ದೂರು, ಪಂಚನಾಮೆ, ದಿನಚರಿ ಬರೆಯುವ ಈ ಮೇಜಿನ ಹಿಂದೆಯೇ ಕಳೆದಿತ್ತು. ಅವರನ್ನು ಹೆಸರು ಹಿಡಿದು ಕರೆಯುವವರು ಠಾಣೆಯಲ್ಲಿ ಯಾರೂ ಇರಲಿಲ್ಲ; ಎಲ್ಲರ ಬಾಯಲ್ಲೂ ರೈಟರ್. ಮುಖ ಮರೆಯುವ ಜಾಯಮಾನ ಅವರದ್ದಲ್ಲ. ಈ ಮುಖವನ್ನಂತೂ ಅವರು ಮರೆಯಬೇಕೆಂದರೂ ಆಗಿರಲಿಲ್ಲ.

ಮೂರು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಆಕೆ ಒಂದು ಅರ್ಜಿ ಕೊಟ್ಟಿದ್ದಳು. ತಾನು ಮಾಡಿದ ವಿಡಿಯೋಗಳನ್ನು ಯಾರೋ ಕದ್ದು ಬೇರೆಡೆ ಹಾಕಿದ್ದಾರೆ ಎಂಬ ಅರ್ಜಿ. ಜೊತೆಗೆ ನಾಲ್ಕು ಹಾಳೆ ಲಗತ್ತು. ರೈಟರ್ ಅರ್ಜಿ ತಲುಪಿದ್ದಕ್ಕೆ ಹಿಂಬರಹ ಕೊಡಲಿಲ್ಲ, ಠಾಣೆಯ ಪುಸ್ತಕದ ನಂಬರ್ ಹಾಕಲಿಲ್ಲ. ಆಕೆ ಅತ್ತ ಹೋದದ್ದೇ ತಡ, ಟೀ ಕುಡಿಯುತ್ತಿದ್ದ ಸಿಬ್ಬಂದಿಯ ಮುಂದೆ ಆ ಅರ್ಜಿಯನ್ನು ಜೋರಾಗಿ ಓದಿದರು. ಸುಮ್ಮನೆ ಓದಿದ್ದಲ್ಲ, ಕೈ ತಿರುಗಿಸಿ, ದನಿ ಎಳೆದು, ಆಕೆಯ ಹೊಸ ಹೆಸರು ಹಳೆಯ ಹೆಸರು ಎರಡನ್ನೂ ಕುಣಿಸಿ ಓದಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅರ್ಜಿ ಬೀರು ಸೇರಿತು, ಅಲ್ಲಿಗೆ ಅದರ ಕತೆ ಮುಗಿಯಿತು ಎಂದುಕೊಂಡಿದ್ದರು ಮಹಾನುಭಾವರು!

ಈಗ ಇನ್‌ಸ್ಪೆಕ್ಟರ್ ಬೇರೆ. ವರ್ಗವಾಗಿ ಬಂದು ತಿಂಗಳಾಗಿದ್ದ ಈ ಮೇಡಂ ಕಡಿಮೆ ಮಾತಿನವರು, ಕಡತ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವವರು. ಆಕೆ ಅವರೆದುರು ಕೂತಳು. ಪಕ್ಕದಲ್ಲಿ ಪೆನ್ನು ಹಿಡಿದು ಕೂತ ರೈಟರ್ ಮೇಡಂಗಿಂತ ಮೊದಲೇ ಬಾಯಿ ಹಾಕಿದರು.

"ಇದೇ ಮೊದಲನೇ ಸಲ ಬರ್ತಿರೋದು ತಾನೇ?"

ಆಕೆ ಅವರ ಮುಖ ನೋಡಿದಳು. ದೂರು ಬರೆದುಕೊಳ್ಳಬೇಕಾದ ಕೈ ಯಾವುದು ಎಂಬುದನ್ನೂ ನೋಡಿದಳು.

"ಹೂಂ ಸರ್. ಮೊದಲನೇ ಸಲ."

ಮೇಡಂ ಪ್ರಶ್ನೆ ಶುರು ಮಾಡಿದರು.

"ಏನು ಕೆಲಸ?"

"ವಿಡಿಯೋ ಮಾಡಿ ಆನ್‌ಲೈನಲ್ಲಿ ಮಾರ್ತೀನಿ ಮೇಡಂ. ವಯಸ್ಕರಿಗೆ."

"ಎಂಥಾ ವಿಡಿಯೋ?"

"ಬಟ್ಟೆ ಬಿಚ್ಚಲ್ಲ. ಮುಖ ತೋರಿಸಲ್ಲ. ಕೈ, ಕಾಲು, ದನಿ. ಅಷ್ಟೇ. ಉದ್ದದ ಕೈಗವಸು ಹಾಕ್ಕೊಂಡು ನಿಧಾನಕ್ಕೆ ತೆಗೀತೀನಿ. ಹೈ ಹೀಲ್ಸ್ ಹಾಕ್ಕೊಂಡು ನಡೀತೀನಿ. ದುಡ್ಡು ಕಟ್ಟಿದೋರ ಅಡ್ಡಹೆಸರು ಹಿಡಿದು ಪಿಸುದನಿಯಲ್ಲಿ ಮಾತಾಡ್ತೀನಿ. ಮೊಣಕೈ ಮೇಲಕ್ಕಿಲ್ಲ, ಮೊಣಕಾಲು ಮೇಲಕ್ಕಿಲ್ಲ. ಅದು ನಾನೇ ಹಾಕ್ಕೊಂಡಿರೋ ಗೆರೆ."

"ಇಷ್ಟಕ್ಕೆ ದುಡ್ಡು ಕೊಡ್ತಾರಾ?"

"ಬಾಡಿಗೆ ಕಟ್ಟೋವಷ್ಟು ಕೊಡ್ತಾರೆ. ತಿಂಗಳ ಮೊದಲ ವಾರ ಸಂಬಳ ಆದಾಗ ಸ್ವಲ್ಪ ಜಾಸ್ತಿ."

"ನೀವು ಟ್ರಾನ್ಸ್‌ಜೆಂಡರ್ ಅಂತ ಅವರಿಗೆ ಗೊತ್ತಾ?"

"ಪೇಜಿನ ಮೊದಲನೇ ಸಾಲಲ್ಲೇ ಬರೆದಿದ್ದೀನಿ ಮೇಡಂ. ನಾನೇನೂ ಮುಚ್ಚಿಟ್ಟಿಲ್ಲ. ಕೆಲವರು ನೋಡೋ ಆತುರದಲ್ಲಿ ಓದಿರಲ್ಲ, ಅಷ್ಟೇ."

ಬುಧವಾರ ಮಧ್ಯಾಹ್ನ 2.05ಕ್ಕೆ ಅಪರಿಚಿತ ನಂಬರಿನಿಂದ ಸಂದೇಶ ಬಂದಿತ್ತು. ಶುಕ್ರವಾರ ಸಂಜೆ ನಾಲ್ಕರೊಳಗೆ ಮೈಮೇಲೆ ಏನೂ ಇಲ್ಲದ ವಿಡಿಯೋ ಕಳಿಸಬೇಕು. ಇಲ್ಲವಾದರೆ ಹಳೆಯ ಹೆಸರಿನ ಸಮೇತ ಎಲ್ಲವೂ ಆಕೆಯ ತಾಯಿ ಆಯಾ ಆಗಿರುವ ಶಿಶುವಿಹಾರಕ್ಕೆ ಹೋಗುತ್ತದೆ. ದುಡ್ಡಿನ ಮಾತಿರಲಿಲ್ಲ.

"ನಿಮ್ಮ ತಾಯಿಗೆ ಈ ಕೆಲಸ ಗೊತ್ತಿಲ್ವಾ?"

"ಅಮ್ಮನಿಗೆ ನಾನು ಮಗಳು ಅಂತ ಗೊತ್ತು. ಅದನ್ನ ಒಪ್ಪಿಕೊಳ್ಳೋಕೇ ಏಳು ವರ್ಷ ತಗೊಂಡ್ರು. ಫೋನಲ್ಲಿ ಗಿರಾಕಿಗಳಿಗೆ ಉತ್ತರ ಕೊಡೋ ಕಂಪನಿ ಕೆಲಸ ಅಂತ ಹೇಳಿದ್ದೀನಿ." ಆಕೆ ಬೆರಳು ಹಿಸುಕಿಕೊಂಡಳು. "ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಜಾಗ ಮೇಡಂ ಅದು. ಇದು ಅಲ್ಲಿಗೆ ಹೋದ್ರೆ ಒಂದು ದಿನಾನೂ ಇಟ್ಕೊಳ್ಳಲ್ಲ ಅವರನ್ನ."

11.40ಕ್ಕೆ ಎಫ್‌ಐಆರ್ ದಾಖಲಾಯಿತು. ಬೆದರಿಕೆ, ಬ್ಲ್ಯಾಕ್‌ಮೇಲ್, ಆರೋಪಿ ಅಪರಿಚಿತ. ರೈಟರ್ ಬರೆದು, ಓದಿ ಹೇಳಿ, ಸಹಿ ತೆಗೆದುಕೊಂಡರು. ಆಕೆ ಎಲ್ಲೂ ಅವರ ಕಡೆ ಬೆರಳು ತೋರಿಸಲಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡರು ರೈಟರ್, ಅಂದುಕೊಂಡದ್ದಕ್ಕೆ ಕಿವಿ ಬಿಸಿಯಾಯಿತು.

12.30ಕ್ಕೆ ಜೀಪು ಆಕೆಯ ಮನೆಯ ಬೀದಿಯಲ್ಲಿ ನಿಂತಿತು. ಡ್ರೈವರ್ ಮೂವತ್ತೈದರ ಕಾನ್‌ಸ್ಟೇಬಲ್, ರೈಟರ್‌ಗೆ ತಮ್ಮನಿದ್ದ ಹಾಗೆ. "ನೀವು ಹೋಗಿ ಬನ್ನಿ ಅಣ್ಣ, ನಾನು ಗಾಡಿ ಹತ್ರ ಇರ್ತೀನಿ" ಎಂದ. ಕೆಳಗಿನ ಝೆರಾಕ್ಸ್ ಅಂಗಡಿಯವನನ್ನೂ ಒಬ್ಬ ಪ್ಲಂಬರನನ್ನೂ ಪಂಚರನ್ನಾಗಿ ಕರೆದರು. ಆ ಇಬ್ಬರ ಕಣ್ಣು ಆಗಲೇ ಕೋಣೆಯ ಮೂಲೆ ಮೂಲೆ ತಡಕಾಡುತ್ತಿತ್ತು. "ಬಾಗಿಲ ಹತ್ರ ನಿಂತ್ಕೊಳ್ಳಿ. ನಾನು ತೋರಿಸಿದ್ದನ್ನ ಮಾತ್ರ ನೋಡಿ" ಎಂದರು ಮೇಡಂ.

ಒಂದೇ ಕೋಣೆ. ಗೋಡೆಗೆ ಬಿಳಿ ಹೊದಿಕೆ ಮೊಳೆ ಹೊಡೆದು ಬಿಗಿದಿತ್ತು. ಅದರ ಮುಂದೆ ಮೇಜು, ಎರಡು ದೀಪ, ಹಳೆಯ ಸ್ಟ್ಯಾಂಡಿಗೆ ಸಿಕ್ಕಿಸಿದ ಮೈಕು. ರೈಟರ್ ಪಂಚನಾಮೆ ಬರೆಯತೊಡಗಿದರು: ಕಪ್ಪು ಕೈಗವಸು ಎರಡು ಜೊತೆ, ಕೆಂಪು ಕೈಗವಸು ಒಂದು ಜೊತೆ, ಹೈ ಹೀಲ್ಸ್ ಮೂರು ಜೊತೆ, ಅದರಲ್ಲೊಂದರ ಹಿಮ್ಮಡಿ ಅಂಟು ಹಾಕಿ ಕೂಡಿಸಿದ್ದು. ಬಾಗಿಲ ಸಂದಿಗೆ ಒತ್ತುವಂತೆ ಒಂದು ಟವೆಲ್ ಸುರುಳಿ ಸುತ್ತಿ ಇಟ್ಟಿತ್ತು.

"ಇದು ಯಾಕೆ?" ರೈಟರ್ ಕೇಳಿದರು.

"ಪಕ್ಕದ ಮನೇಲಿ ಮಗು ಇದೆ ಸರ್. ನಾನು ಆಡೋ ಮಾತು ಅದರ ಕಿವಿಗೆ ಬೀಳಬಾರದು."

ರೈಟರ್ ಅದನ್ನೂ ಬರೆದುಕೊಂಡರು. ಮೂರು ತಿಂಗಳ ಹಿಂದೆ ಈ ಕೋಣೆಯನ್ನು ಅವರು ಮನಸ್ಸಿನಲ್ಲೇ ಏನೇನೋ ಬಣ್ಣ ಹಚ್ಚಿ ನೋಡಿದ್ದರು. ಇಲ್ಲಿದ್ದದ್ದು ದುಡಿಯುವವರ ಕೋಣೆ, ಯಾವ ಹೊಲಿಗೆ ಅಂಗಡಿಗಿಂತಲೂ ಬೇರೆ ಅಲ್ಲ.

ಆಕೆ ಫೋನ್ ಒಪ್ಪಿಸಿದಳು. ಸಂದೇಶದ ಕೆಳಗೆ ಒಂದು ಫೋಟೋ ಇತ್ತು: ಮುದ್ರಿಸಿದ ಹಾಳೆಯದ್ದು, ಆಕೆಯ ಪೇಜಿನ ಚಿತ್ರ. ಅಂಚುಗಳನ್ನು ಕತ್ತರಿಸಿದ್ದರು, ಆದರೆ ಬಲ ಮೂಲೆಯಲ್ಲಿ ಕೆಂಪು ಶಾಯಿಯ ಅರ್ಧ ಸುತ್ತು, ಅದರೊಳಗೆ ಒಂದು ಅಂಕಿಯ ಬಾಲ ಉಳಿದುಬಿಟ್ಟಿತ್ತು. ಮೇಡಂಗೆ ಅದು ಗೀಚು. ರೈಟರ್‌ಗೆ ತಮ್ಮದೇ ಕೈಬರಹ. ಲಗತ್ತಿನ ಹಾಳೆಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪುಟಸಂಖ್ಯೆ ಬರೆಯುವುದು ಪೊಲೀಸರ ಅಭ್ಯಾಸ; ಮೂರನ್ನು ಹೀಗೆ ಬಾಲ ಎಳೆದು ಬರೆಯುವುದು ಅವರೊಬ್ಬರದೇ ಅಭ್ಯಾಸ. ಹಾಳೆ ಅವರ ಬೀರುವಿನದ್ದು. ಕಳ್ಳ ಠಾಣೆಯೊಳಗೇ ಇದ್ದಾನೆ.

ಬಾಯಿ ಬಿಡಬೇಕಿತ್ತು. ಬಿಟ್ಟರೆ ಅರ್ಜಿ ಮುಚ್ಚಿಟ್ಟದ್ದು, ಓದಿ ನಗಿಸಿದ್ದು, ಬೆಳಿಗ್ಗೆ ಮೊದಲ ಸಲ ಅಂತ ಸುಳ್ಳು ಹೇಳಿಸಿದ್ದು, ಎಲ್ಲವೂ ಒಂದರ ಹಿಂದೊಂದು ಹೊರಬರುತ್ತದೆ. ಎಎಸ್‌ಐ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಎರಡನೆಯದು. "ಮುದ್ರಿತ ಹಾಳೆಯ ಫೋಟೋ, ಒಂದು" ಎಂದಷ್ಟೇ ಬರೆದು ಅವರು ಪುಟ ತಿರುಗಿಸಿದರು.

ಮಧ್ಯಾಹ್ನವೆಲ್ಲ ತನಿಖೆ ತಪ್ಪು ದಾರಿ ಹಿಡಿಯಿತು, ರೈಟರ್ ಕಣ್ಣಾರೆ ನೋಡುತ್ತ ಕೂತರು. ಹಿಂದೊಮ್ಮೆ ಯಾರೋ ವಿಡಿಯೋ ಕದ್ದು ಹಾಕಿದ್ದರೆಂದು ಆಕೆ, ಅರ್ಜಿಯ ಸುದ್ದಿ ಎತ್ತದೆ, ಹೇಳಿದ್ದಳು; ಆ ಗಿರಾಕಿ ಒಂದು ಕನ್ನಡಕದ ಅಂಗಡಿಯ ಕೆಲಸಗಾರ ಎಂದು ಸೈಬರ್ ವಿಭಾಗ ಹುಡುಕಿಕೊಟ್ಟಿತು. 4.15ಕ್ಕೆ ಅವನ ವಿಚಾರಣೆ. ಅವನು ಕೈಮುಗಿದ.

"ಕದ್ದಿದ್ದು ನಿಜ ಮೇಡಂ. ಆದ್ರೆ ಅವರ ಹೆಸರೂ ಗೊತ್ತಿಲ್ಲ, ಅವರಮ್ಮ ಯಾರು ಅಂತಾನೂ ಗೊತ್ತಿಲ್ಲ. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬೆದರಿಕೆ ಹಾಕಿದ ಸಿಮ್ ಕಳವಾದ ಫೋನೊಂದರದ್ದು. ಅದರ ಟವರ್ ಮಾತ್ರ ಠಾಣೆಯ ಆಸುಪಾಸಿನದೇ. "ನಮ್ಮ ಮೂಗಿನ ಕೆಳಗೇ ಇದ್ದಾನೆ" ಎಂದರು ಮೇಡಂ. ಆಕೆಯನ್ನು ಮತ್ತೆ ಕೇಳಿದರು. "ನಿಮ್ಮ ಹಳೇ ಹೆಸರು, ತಾಯಿ ಕೆಲಸ ಮಾಡೋ ಜಾಗ, ಎರಡೂ ಯಾರಿಗೆ ಗೊತ್ತು?"

"ಅಮ್ಮನಿಗೆ ಗೊತ್ತು, ನನಗೆ ಗೊತ್ತು." ಆಕೆಯ ಕಣ್ಣು ರೈಟರ್ ಹಿಡಿದಿದ್ದ ಪೆನ್ನಿನತ್ತ ಹೋಯಿತು. "ಬೇರೆ ಯಾರೂ ನೆನಪಾಗ್ತಿಲ್ಲ ಮೇಡಂ."

ನೆನಪಾಗದೇ ಏನು! ಆ ಅರ್ಜಿಯಲ್ಲಿ ಎರಡನ್ನೂ ಬರೆಸಿಕೊಂಡದ್ದು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ನಾಳೆ ನಾಲ್ಕು ಗಂಟೆಯ ತನಕ ಈ ಕೇಸು ಅವರ ಕೈಲೇ ಇರುವಾಗ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಆಕೆಗಿರಲಿಲ್ಲ. ಒಬ್ಬಳು ತನಗೆ ಇಷ್ಟು ಹೆದರುತ್ತಾಳೆ ಎಂಬುದು ರೈಟರ್‌ಗೆ ಸೊಂಟದ ಪಟ್ಟಿಯಲ್ಲಿ ಹೊಡೆದ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ 8.50ಕ್ಕೆ ಅವರು ಬೀರು ತೆರೆದರು. ಅರ್ಜಿ ಇತ್ತು. ಲಗತ್ತು ಒಂದು, ಎರಡು, ನಾಲ್ಕು. ಮೂರು ಇರಲಿಲ್ಲ. 9.15ಕ್ಕೆ ಆ ಅರ್ಜಿಯ ಕಟ್ಟನ್ನು ಮೇಡಂ ಮೇಜಿನ ಮೇಲಿಟ್ಟು, ನಿಂತೇ, ಒಂದನ್ನೂ ಬಿಡದೆ ಹೇಳಿದರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನೆ ಪಂಚನಾಮೆ ಬರೆಯುವಾಗಲೇ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಇಪ್ಪತ್ತು ಗಂಟೆ ತಿಂದಿದ್ದೀರಿ. ಆ ಹುಡುಗಿ ಹತ್ರ ಇದ್ದಿದ್ದೇ ಇಪ್ಪತ್ತೇಳು." ಮೇಡಂ ಪೆನ್ನು ತೆಗೆದರು. "ಬೀರು ಕೀ ಯಾರ ಕೈಗೆ ಹೋಗಿತ್ತು?"

"ಹೋದ ತಿಂಗಳು ಜ್ವರ ಬಂದು ಎರಡು ದಿನ ರಜೆ ಹಾಕಿದ್ದೆ. ಆಗ ಠಾಣೆಯಲ್ಲೇ ಬಿಟ್ಟು ಹೋಗಿದ್ದೆ. ಯಾರು ಬೇಕಾದ್ರೂ ತಗೋಬಹುದಿತ್ತು."

"ಓದಿದ ದಿನ ಯಾರ್ಯಾರು ನಕ್ರು?"

"ಎಲ್ರೂ ಮೇಡಂ." ಟೀ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋದ ಒಂದು ಬೆನ್ನು ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಒಬ್ಬನಾದರೂ ಒಳ್ಳೆಯವನಿದ್ದಾನಲ್ಲ ಎಂದು ಅವತ್ತು ಅವರಿಗೆ ಅನ್ನಿಸಿತ್ತು. "ಡ್ರೈವರ್ ಒಬ್ಬ ನಗಲಿಲ್ಲ."

"ನಗದೇ ಇದ್ದವನನ್ನ ಕರೀರಿ."

ಡ್ರೈವರ್ ಒಳಗೆ ಬಂದಾಗ ಮೇಜಿನ ಮೇಲಿದ್ದ ಕಟ್ಟು ಕಂಡಿತು. ಅವನು ಬಾಗಿಲಲ್ಲೇ ನಿಂತ.

"ಆ ಪೇಜ್ ನಿನಗೆ ಗೊತ್ತಾ?"

"ಯಾವ ಪೇಜ್ ಮೇಡಂ?"

"ನಾನು ಯಾವ ಪೇಜ್ ಅಂತ ಹೇಳಿಲ್ಲ. ಆದರೂ ಕಣ್ಣು ಈ ಕಟ್ಟಿನ ಮೇಲಿಂದ ಕದಲ್ತಿಲ್ಲ. ಲಾಕರ್ ಕೀ ಕೊಡು."

12.10ಕ್ಕೆ ಪಂಚರ ಸಮಕ್ಷಮ ಲಾಕರ್ ಶೋಧ ನಡೆಯಿತು. ಮಡಿಸಿದ ಸಮವಸ್ತ್ರದ ಅಡಿಯಲ್ಲಿ ಬೆದರಿಕೆಯ ಸಿಮ್ ಇದ್ದ ಫೋನ್ ಸಿಕ್ಕಿತು, ಅದರ ಕವರಿನೊಳಗೆ ನಾಲ್ಕಾಗಿ ಮಡಿಸಿದ ಮೂರನೇ ಹಾಳೆ. ಎರಡನ್ನೂ ಜಪ್ತು ಮಾಡಿದರು. 1.05ಕ್ಕೆ ದಸ್ತಗಿರಿ. ದಸ್ತಗಿರಿ ಪತ್ರ ಬರೆಯಲು ಮೇಡಂ ಬೇರೆಯವರನ್ನು ಕೂರಿಸಿದರು; ರೈಟರ್ ಈಗ ಈ ಕೇಸಿನ ಸಾಕ್ಷಿ.

"ಅಣ್ಣ, ನೀವೇ ನನ್ನ ಹಿಡಿದು ಕೊಟ್ರಲ್ಲ" ಎಂದ ಡ್ರೈವರ್, ರೈಟರ್ ಪಕ್ಕದಲ್ಲಿ ಹಾದುಹೋಗುವಾಗ.

"ಹಾಳು ಮಾಡಿದ್ದೂ ನಾನೇ ಕಣಪ್ಪ" ಎಂದರು ರೈಟರ್.

ಅವನ ಹೇಳಿಕೆ ಎರಡೂವರೆ ಪುಟ ಆಯಿತು. ಎಂಟು ತಿಂಗಳಿಂದ ಅವನು ಆಕೆಯ ಗಿರಾಕಿ, ‘ಸ್ಟೀರಿಂಗ್’ ಎಂಬ ಅಡ್ಡಹೆಸರಿನಲ್ಲಿ. ಪೇಜಿನ ಮೊದಲ ಸಾಲು ಓದಿರಲಿಲ್ಲ. ಅರ್ಜಿ ಓದಿ ಎಲ್ಲರೂ ನಕ್ಕ ದಿನವೇ ಅವಳು ಯಾರೆಂದು ಗೊತ್ತಾದದ್ದು. "ಅವರು ಅವಳನ್ನ ನೋಡಿ ನಕ್ಕಿದ್ದಲ್ಲ ಮೇಡಂ, ನನ್ನನ್ನೇ ನೋಡಿ ನಕ್ಕ ಹಾಗಾಯ್ತು. ಅವತ್ತಿಂದ ನನ್ನ ಕಂಡ್ರೆ ನನಗೇ ಹೇಸಿಗೆ. ಪೂರ್ತಿ ನೋಡಿಬಿಟ್ರೆ ಅವಳ ಮೇಲೆ ಅಸಹ್ಯ ಬರುತ್ತೆ, ಆಗ ನಾನು ಸರಿಹೋಗ್ತೀನಿ ಅಂದ್ಕೊಂಡೆ. ಆದ್ರೆ ಬಿಡೋಕಾಗ್ತಿಲ್ಲ." ಇದನ್ನು ಅವನು ಗೋಡೆ ನೋಡುತ್ತ ಹೇಳಿದ್ದ.

ಮೂರು ಗಂಟೆಗೆ ಮೇಡಂ ಫಿರ್ಯಾದಿಯನ್ನು ಕರೆಸಿ ಎಲ್ಲ ತಿಳಿಸಿದರು. ಅಡ್ಡಹೆಸರು ಕೇಳಿ ಆಕೆ ತಲೆ ಎತ್ತಿದಳು.

"ಆ ಮನುಷ್ಯನಾ? ನಲವತ್ತು ಗಿರಾಕಿಗಳಲ್ಲಿ ಊಟ ಆಯ್ತಾ ಅಂತ ಕೇಳ್ತಿದ್ದೋನು ಅವನೊಬ್ಬನೇ ಮೇಡಂ."

ಮೇಡಂ ಎದ್ದು ಹೊರಗೆ ಹೋದರು. ಬೇಕೆಂದೇ ಹೋದರು. ರೈಟರ್ ತಮ್ಮ ಹೇಳಿಕೆಯನ್ನು ಆಕೆಯ ಮುಂದೆ ಇಟ್ಟರು. ಅರ್ಜಿ ಮುಚ್ಚಿಟ್ಟದ್ದು, ಓದಿ ನಗಿಸಿದ್ದು, ಹಾಳೆ ಗುರುತಿಸಿಯೂ ಸುಮ್ಮನಿದ್ದದ್ದು, ಎಲ್ಲಕ್ಕೂ ಕೆಳಗೆ ಸಹಿ ಬಿದ್ದಿತ್ತು. ಆಕೆ ಒಂದೊಂದು ಸಾಲನ್ನೂ ಓದಿದಳು.

"ಇದಕ್ಕೆ ನಿಮಗೇನಾಗುತ್ತೆ?"

"ಇಲಾಖಾ ವಿಚಾರಣೆ. ಬಡ್ತಿ ಹೋಗುತ್ತೆ. ಅದು ಬಿಡಮ್ಮ." ರೈಟರ್ ಕೈ ಜೋಡಿಸಿದರು. "ತಪ್ಪಾಯ್ತು. ಹೀಗಂದ್ರೆ ಏನೂ ಸರಿಹೋಗಲ್ಲ, ಗೊತ್ತು."

"ಕೋರ್ಟಲ್ಲಿ ಇದೆಲ್ಲ ಓದ್ತಾರಾ? ನನ್ನ ಕೆಲಸ ಏನು ಅನ್ನೋದೂ?"

"ಓದ್ತಾರೆ."

"ಅಂದ್ರೆ ಅಮ್ಮನಿಗೆ ಗೊತ್ತಾಗೇ ಆಗುತ್ತೆ."

ಕಳ್ಳ ಸಿಕ್ಕಿದ್ದ, ಸಂದೇಶ ಹೋಗದಂತೆ ತಡೆದಾಗಿತ್ತು. ಆದರೂ ಆಕೆ ಬಚ್ಚಿಟ್ಟುಕೊಂಡಿದ್ದದ್ದು ಉಳಿಯಲಿಲ್ಲ. ಅದನ್ನು ಮೊದಲು ಬೀದಿಗೆ ತಂದದ್ದು ಡ್ರೈವರ್ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಕೆ ಗೋಡೆ ಗಡಿಯಾರ ನೋಡಿ ಎದ್ದಳು. 3.35.

"ನಾಲ್ಕಕ್ಕೆ ಅಮ್ಮನ ಕೆಲಸ ಮುಗಿಯುತ್ತೆ. ಗೇಟಲ್ಲೇ ಕಾಯ್ತೀನಿ."

"ನಾನೂ ಬರ್ಲಾ? ನಿಮ್ಮದೇನೂ ತಪ್ಪಿಲ್ಲ ಅಂತ ತಾಯಿಗೆ ಹೇಳ್ತೀನಿ."

"ಬೇಡ ಸರ್." ಆಕೆ ಚೀಲ ಹೆಗಲಿಗೆ ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನನ್ನ ವಿಷಯ ಒಂದು ಸಲ ನೀವು ಹೇಳಿದ್ದೀರಿ. ಈ ಸಲ ನಾನೇ ಹೇಳ್ತೀನಿ."