ಕೈಗೆ ಅಭ್ಯಾಸವಾದ ಹೆಸರು

ತಪ್ಪು ನನ್ನದೇ, ಒಪ್ಪಿಕೊಳ್ತೀನಿ. ಆದರೆ ನನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆಸಿದ್ದು ಅವರು.

ಜನನ ನೋಂದಣಿ ಕೌಂಟರಿನಲ್ಲಿ ನನಗೆ ಒಂಬತ್ತು ವರ್ಷ ಸರ್ವಿಸ್. ಮಗುವಿನ ಹೆಸರು ಬರೆಸೋಕೆ ಬಂದವರನ್ನ ಸುಮ್ಮನೆ ಕಳಿಸೋ ಜಾಯಮಾನ ನನ್ನದಲ್ಲ. ಈ ಹೆಸರಿಗೆ ಅರ್ಥ ಏನು, ಯಾರು ಹುಡುಕಿದ್ದು, ಎಲ್ಲಿಂದ ಬಂತು ಅಂತ ಕೇಳಿಯೇ ಪೆನ್ನು ತೆಗೆಯೋದು. ರಿಜಿಸ್ಟರಿನಲ್ಲಿ ಅದಕ್ಕೆಲ್ಲ ಕಾಲಂ ಇಲ್ಲ, ಮನೆಯಲ್ಲೊಂದು ನೋಟ್‌ಬುಕ್ ಇಟ್ಟಿದ್ದೀನಿ. ಮಗನಿಗೆ 'ಸೋಲದವನು' ಅನ್ನೋ ಅರ್ಥದ ಹೆಸರಿಟ್ಟ ವಕೀಲರಿದ್ದಾರೆ ಅದರಲ್ಲಿ. ತನ್ನ ಪ್ರಾಣ ಉಳಿಸಿದ ಡಾಕ್ಟರಮ್ಮನ ಹೆಸರನ್ನ ಮಗಳಿಗಿಟ್ಟ ಲಾರಿ ಡ್ರೈವರಿದ್ದಾನೆ. ಕ್ಯೂನಲ್ಲಿ ನಿಂತವರು ಗೊಣಗ್ತಾರೆ. ಗೊಣಗಲಿ.

ಅವರು ಬಂದಿದ್ದು ತಂಗಿಯ ಮಗಳ ಹೆಸರು ಬರೆಸೋಕೆ. ಹಿಂದಿನ ಬೀದಿಯಲ್ಲಿ ಅವರದು ಕನ್ನಡಕದ ಅಂಗಡಿ. ಬೆರಳು ಉದ್ದ, ಮಾತು ಗಿಡ್ಡ. ಚೀಟಿಯಲ್ಲಿ ಬರೆದು ತಂದಿದ್ದ ಹೆಸರು ಅವರಮ್ಮನದಂತೆ. ಅರ್ಥ ಕೇಳಿದೆ. ತಬ್ಬಿಬ್ಬಾದರು. ಅಮ್ಮನನ್ನೇ ಕೇಳ್ಕೊಂಡು ನಾಳೆ ಬರ್ತೀನಿ ಅಂದರು. ಅರ್ಥ ಗೊತ್ತಿಲ್ಲದಿದ್ರೂ ಬರೆದುಕೊಡಬಹುದಿತ್ತು. ನಾನು ಹಾಗೆ ಹೇಳಲಿಲ್ಲ.

ಮಾರನೇ ದಿನ ಬಂದು, ಯಾರೂ ನೆಡದೆ ಹೊಲದ ಬದುವಿನ ಮೇಲೆ ತಾನಾಗೇ ಅರಳೋ ಹೂವಿನ ಹೆಸರಂತೆ ಅಂದರು. ಹೇಳುವಾಗ ಕಿವಿ ಕೆಂಪಾಗಿತ್ತು. ಹಾಗಾದ್ರೆ ನಿಮ್ಮ ಹೆಸರಿಗೆ ಅಂತ ಕೆಣಕಿದೆ. 'ಗೆದ್ದವನು' ಅಂತೆ, ಹತ್ತನೇ ಕ್ಲಾಸನ್ನ ಮೂರು ಸಲ ಕಟ್ಟಿ ಗೆದ್ದರಂತೆ. ನಕ್ಕುಬಿಟ್ಟೆ. ಆಮೇಲೆ ನನ್ನದು ಕೇಳಿದರು. ನಮ್ಮಪ್ಪ ಗಂಡೇ ಹುಟ್ಟೋದು ಅಂತ ಗಂಡು ಹೆಸರೊಂದನ್ನೇ ಯೋಚಿಸಿಟ್ಟಿದ್ದ. ಹುಟ್ಟಿದ್ದು ನಾನು. ದಿಕ್ಕು ತೋಚದೆ, ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ಹೆಸರನ್ನೇ ಕೇಳಿ ಬರೆಸಿದ. ಈ ಕತೆ ಹೇಳಿದರೆ ಎಲ್ಲರೂ ನಗ್ತಾರೆ. ಅವರು ನಗಲಿಲ್ಲ.

"ಅಂದ್ರೆ, ನಿಮ್ಮನ್ನ ಮೊದಲು ಎತ್ತಿಕೊಂಡವರ ಹೆಸರು," ಅಂದರು.

ಮೂವತ್ತಮೂರು ವರ್ಷದಲ್ಲಿ ಇನ್ಯಾರೂ ಹಾಗೆ ಹೇಳಿರಲಿಲ್ಲ. ನಾನು ಕೆಟ್ಟಿದ್ದು ಅಲ್ಲೇ.

ಅಷ್ಟರಲ್ಲಿ ನಿಮ್ಮ ಕನ್ನಡಕ ಸೊಟ್ಟಗಿದೆ ಮೇಡಂ, ಒಂದ್ನಿಮಿಷ ಕೊಡಿ ಅಂತ ಕೈ ಚಾಚಿದರು. ಕೊಟ್ಟೆ. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡ್ತಾ ನಿಂತರು. ನನ್ನದು ಮೈನಸ್ ಆರು. ಕನ್ನಡಕ ಇಲ್ಲದಿದ್ರೆ ಎದುರಿಗಿರೋದು ಮನುಷ್ಯನೋ ಕಪಾಟೋ ಗೊತ್ತಾಗಲ್ಲ. ಆದ್ರೂ ಸುಮ್ಮನೆ ಕೂತರೆ ತಮ್ಮನ್ನೇ ನೋಡ್ತಿದ್ದಾಳೆ ಅಂದ್ಕೊಂಡಾರು ಅಂತ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಬರೆದೇಬಿಟ್ಟೆ. ದಿನಕ್ಕೆ ನಲವತ್ತು ಸಲ, ಪ್ರತಿ ಸಾಲಿನ ಕೊನೆಗೆ, ನನ್ನ ಹೆಸರು ಬರೆದು ಬರೆದು ಅಭ್ಯಾಸವಾದ ಕೈ. ಮಗುವಿನ ಕಾಲಂನಲ್ಲೂ ಅದನ್ನೇ ಬರೆಯಿತು. ಒರೆಸಿದ ಕನ್ನಡಕ ವಾಪಸ್ ಬಂದಾಗ ನಾನು ರಿಜಿಸ್ಟರ್ ನೋಡಲಿಲ್ಲ, ಅವರನ್ನ ನೋಡಿದೆ. ಮೇಲಿನ ಮಹಡಿಯ ಟೈಪಿಸ್ಟ್ ಇದ್ದಿದ್ದನ್ನ ಇದ್ದಹಾಗೆ ಹೊಡೆದು, ಸರ್ಟಿಫಿಕೇಟ್ ಕವರಿಗೆ ಹಾಕಿ ಕಳಿಸಿದಳು.

ಮೂರನೇ ದಿನ ಅವರು ಅದೇ ಕವರ್ ಹಿಡಿದು ಬಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ತಿದ್ದುಪಡಿಗೆ ಒಂದು ಅರ್ಜಿ, ಒಂದು ಅಫಿಡವಿಟ್, ನಮ್ಮ ಸಾಹೇಬರ ಒಂದು ಸಹಿ ಸಾಕು, ನನಗೊಂದು ಮೆಮೊ ಗ್ಯಾರಂಟಿ. ಮಾರನೇ ದಿನವೇ ಕಾಗದಗಳನ್ನೆಲ್ಲ ತಂದುಕೊಟ್ಟರು. ಒಂದರಲ್ಲೂ ತಪ್ಪಿರಲಿಲ್ಲ. ಸಾಹೇಬರ ಮುಂದಿಟ್ಟಿದ್ರೆ ಸಂಜೆಯೊಳಗೆ ಆಗಿಹೋಗ್ತಿತ್ತು.

ಆಗಿಹೋದ್ರೆ ಅವರು ಮತ್ತೆ ಯಾಕೆ ಬರ್ತಾರೆ?

ಸಹಿ ನೀಲಿ ಇಂಕಿನಲ್ಲಿರಬೇಕಿತ್ತು ಅಂದೆ. ಹಾಕಿಸಿ ತಂದರು. ಜೆರಾಕ್ಸ್ ಮಸುಕಾಗಿದೆ ಅಂದೆ. ಬೇರೆ ತಂದರು. ತಂಗಿಯ ಮನೆ ನಂಬರ್ ಕಾಣ್ತಿಲ್ಲ ಅಂದೆ, ಕಣ್ಣಿಗೆ ಹೊಡೆಯೋ ಹಾಗೆ ಕಾಣ್ತಿದ್ರೂ. ಮೆಮೊ ಭಯಕ್ಕೆ ಹೀಗೆ ಮಾಡ್ತಿದ್ದೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ಅದೂ ಸುಳ್ಳು. ಇವತ್ತು ಹೇಳಿಬಿಡ್ತೀನಿ ಅಂತ ದಿನಾ ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತಿದ್ದೆ. ಹನ್ನೊಂದೂವರೆಗೆ ಬಾಗಿಲಲ್ಲಿ ಅವರ ತಲೆ ಕಂಡರೆ ಸಾಕು, ಬಾಯಿ ತಾನಾಗೇ ಇನ್ನೊಂದು ಕೊಕ್ಕೆ ಹಾಕ್ತಿತ್ತು. ಅವರು ಸಿಟ್ಟು ಮಾಡ್ಕೊಳ್ತಿರಲಿಲ್ಲ. ಸರಿ, ನಾಳೆ ತರ್ತೀನಿ ಅನ್ನೋರು. ಹೋಗದೆ ಕೌಂಟರಿಗೆ ಮೊಣಕೈ ಊರಿ, ಇವತ್ತು ಯಾವ ಹೆಸರು ಬಂತು ಅಂತ ಕೇಳೋರು. ನಾನು ಹೇಳುವಾಗ ರೆಪ್ಪೆ ಬಡಿಯದೆ ನೋಡೋರು. ಹೀಗೇ ನಾಲ್ಕು ವಾರ.

ಐದನೇ ವಾರ ಒಂದು ದಿನ ಅವರ ಬದಲು, ಮಗುವನ್ನ ಎತ್ತಿಕೊಂಡು ತಂಗಿ ಬಂದಳು. ಜಗಳಕ್ಕೆ ಬಂದಿದ್ದಾಳೆ ಅಂದ್ಕೊಂಡೆ. ಅವಳು ದನಿ ಕೂಡ ಏರಿಸಲಿಲ್ಲ.

"ನಮ್ಮಮ್ಮನ ಕಣ್ಣು ಹೋಗ್ತಾ ಇದೆ," ಅಂದಳು. "ಮೊಮ್ಮಗಳ ಕಾಗದದ ಮೇಲೆ ತನ್ನ ಹೆಸರನ್ನ ಒಂದ್ಸಲ ಓದಬೇಕು ಅನ್ನೋದೊಂದೇ ಆಸೆ ಅಮ್ಮಂಗೆ. ಅಣ್ಣ ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ಡ್ರಾಯರಿನಿಂದ ಕಾಗದ ತೆಗೆದೆ. ನಾಲ್ಕು ವಾರ ಆಗದ ಕೆಲಸ ಮೂರೇ ಗಂಟೆಯಲ್ಲಿ ಆಯ್ತು. ಮೆಮೊನೂ ಬಂತು, ಓದದೆ ಬ್ಯಾಗಿಗೆ ತುರುಕಿದೆ. ಸರ್ಟಿಫಿಕೇಟ್ ನಾನೇ ತಂದುಕೊಡ್ತೀನಿ ಅಂತ ತಂಗಿಯನ್ನ ಕಳಿಸಿ, ಅವರ ಅಂಗಡಿಗೆ ಓಡಿದೆ. ಕನ್ನಡಿಗಳ ಮಧ್ಯೆ ಒಬ್ಬರೇ ಕೂತು ಲೆನ್ಸ್ ಒರೆಸ್ತಿದ್ದರು.

"ನಿಮ್ಮ ಕಾಗದ ಮೊದಲನೇ ದಿನವೇ ಸರಿ ಇತ್ತು," ಅಂದೆ. "ನೀವು ಬರೋದು ನಿಂತುಹೋಗುತ್ತೆ ಅಂತ ನಾನೇ ಇಟ್ಕೊಂಡಿದ್ದೆ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವರು ಲೆನ್ಸ್ ಕೆಳಗಿಟ್ಟರು. ಆಮೇಲೆ, "ಗೊತ್ತಿತ್ತು," ಅಂದರು. "ಅಮ್ಮನ ವಿಷಯ ಹೇಳಿದ್ರೆ ಅವತ್ತೇ ಮಾಡಿಕೊಟ್ಟುಬಿಡ್ತಿದ್ರಿ. ಅದಕ್ಕೇ ಹೇಳಲಿಲ್ಲ. ದಿನಾ ಮನೆಗೆ ಹೋಗಿ ಅಮ್ಮಂಗೆ ನಾಳೆ ಅಂದೆ."

ಊರಿಗೆಲ್ಲ ಕನ್ನಡಕ ಮಾಡಿಕೊಡೋ ತಮಗೆ ಅಮ್ಮನ ಕಣ್ಣಿಗೆ ಹೊಂದೋ ಗಾಜು ಸಿಗಲಿಲ್ಲ, ದಿನದಲ್ಲಿ ಆ ಅರ್ಧ ಗಂಟೆ ನನ್ನ ಮುಂದೆ ನಿಂತಾಗ ಮಾತ್ರ ಅದು ಮರೀತಿತ್ತು ಅಂದರು. ನಾನು ಬಯಸಿದ ಮಾತೇ ಅದು. ಕೇಳಿ ಖುಷಿಪಡೋ ಮುಖ ನನಗಿರಲಿಲ್ಲ. ಇಬ್ಬರೂ ಸೇರಿ ಒಬ್ಬ ಹೆಂಗಸಿನ ನಾಲ್ಕು ವಾರದ ಬೆಳಕನ್ನ ತಿಂದುಹಾಕಿದ್ವಿ.

ಅಂಗಡಿ ಮುಚ್ಚಿ ಅವರ ಮನೆಗೆ ಹೋದ್ವಿ. ಅವರಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಕಾಗದ ಕೊಟ್ಟೆ. ಬೆಳಕಿಗೆ ಹಿಡಿದರು, ಓರೆ ಮಾಡಿದರು, ಮೂಗಿಗೆ ತಾಗೋಷ್ಟು ಹತ್ತಿರ ತಂದರು. ಹೋದ ವಾರ ತಂದಿದ್ರೂ ಓದ್ತಿದ್ದೆ ಅಂದು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡರು. ನನ್ನ ಕೈಲಿ ತಡೆಯೋಕಾಗಲಿಲ್ಲ. ನೆಲದ ಮೇಲೆ ಕೂತು ಎಲ್ಲಾ ಹೇಳಿದೆ. ನನ್ನ ಜೊತೆ ಬಂದವರೂ ಪಕ್ಕದಲ್ಲಿ ಕೂತು ತಮ್ಮ ಪಾಲಿಂದು ಹೇಳಿದರು.

"ಕೋಪ ಬಂದಿದೆ ಕಣೇ. ಬಂದಿಲ್ಲ ಅಂತ ಸುಳ್ಳು ಹೇಳಲ್ಲ," ಅಂದರು ಅಮ್ಮ. ಮಡಿಲಿನ ಕಾಗದ ಸವರ್ತಾ, "ತಪ್ಪಾಗಿ ಬಂದಿತ್ತಲ್ಲ, ಆ ಕಾಗದ ಓದಿದ್ದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ. ನಾನು ಕಣ್ಣಾರೆ ಓದಿದ ಕೊನೇ ಹೆಸರು ನಿಂದು. ಇನ್ನೇನು ಮಾಡೋಕಾಗುತ್ತೆ? ಈಗ ಇದನ್ನ ಓದಿ ಹೇಳು."

ಕಾಗದ ತಗೊಂಡೆ. ಒಂಬತ್ತು ವರ್ಷ ಊರಿನ ಮಕ್ಕಳ ಹೆಸರನ್ನೆಲ್ಲ ಕೂಗಿ ಹೇಳಿದವಳು, ಮೊದಲ ಅಕ್ಷರಕ್ಕೇ ನಿಂತು ಕಾಗದವನ್ನ ಪಕ್ಕಕ್ಕೆ ಚಾಚಿದೆ. ಪಕ್ಕದಲ್ಲಿದ್ದವರು ನನ್ನ ಕೈ ಹಿಡ್ಕೊಂಡರು. ಹುಟ್ಟಿದಾಗಿನಿಂದ ಅಮ್ಮನ ಎದುರು ಅಮ್ಮನ ಹೆಸರೆತ್ತದವರು ಅದನ್ನ ಪೂರ್ತಿ ಓದಿದರು.

ಅಮ್ಮ ಕಣ್ಣು ಮುಚ್ಚಿಕೊಂಡು, ಇನ್ನೊಂದ್ಸಲ ಅಂದರು. ಇಬ್ಬರೂ ಸೇರಿ ಓದಿದ್ವಿ.