ಹೊಳೆಯ ನಡುವಿನ ಮಾವಿನ ಸೊಪ್ಪು

"ನಮ್ಮ ಮಾವಿನ ಗೆಲ್ಲು ಮುರಿದದ್ದು ಯಾರು?"

ಹಿಂದಿನಿಂದ ಎರಗಿದ ಆ ಸ್ವರಕ್ಕೆ ಚೈತಾಲಿಯ ಕೈಯಲ್ಲಿದ್ದ ಬುಟ್ಟಿ ದೊಪ್ಪೆಂದು ದೋಣಿಯೊಳಗೆ ಬಿತ್ತು.

ತಿರುಗಿ ನೋಡಿದಳು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲ ಮೇಲೆ ಬೈರಾಸು, ಕಣ್ಣಲ್ಲಿ ಕೆಂಡ! ಮಟ್ಟುವಿನ ಹೊಳೆಯ ದಡದಲ್ಲಿ ನಿಂತ ಆ ಯುವಕ ಅವಳನ್ನು ನುಂಗುವ ಹಾಗೆ ನೋಡುತ್ತಿದ್ದ.

"ನಿಮ್ಮನ್ನೇ ಕೇಳಿದ್ದು. ಕಿವಿ ಕೇಳ್ತದಲ್ವಾ?"

"ನಾ... ನಾನಲ್ಲ."

ಸುಳ್ಳು! ಬಾಯಿಂದ ಜಾರಿಯೇ ಹೋಯಿತು. ಒಂದು ಗೆಲ್ಲಿಗೆ ಇಷ್ಟು ರಂಪವೇ ಎಂದುಕೊಳ್ಳುವಷ್ಟರಲ್ಲಿ ಅವನು ದೋಣಿಗೆ ಹಾರಿ ಬಿದಿರ ಗಳು ಕೈಗೆತ್ತಿಕೊಂಡಿದ್ದ.

"ಕೂತ್ಕೊಳ್ಳಿ. ಹಳೆ ದೋಣಿಯವರು ಮಲ್ಪೆಗೆ ಹೋಗಿ ಆಯ್ತು. ಇನ್ನು ನಿಮ್ಮ ಆಫೀಸಿಗೆ ನನ್ನದೇ ದೋಣಿ. ನನ್ನ ಹೆಸರು ಸುಕೇಶ್. ನಿಮ್ಮ ಹೆಸರು ನನಗೆ ಬೇಡ."

ಅಯ್ಯೋ ದೇವರೇ... ಇವನ ಜೊತೆ ದಿನಾ ಬರಬೇಕೇ?

ಚೈತಾಲಿ ಮೊದಲಿನಿಂದಲೂ ಪುಕ್ಕಲಿ. ಕಾರ್ಕಳದ ಮನೆಗೆ ನೆಂಟರು ಬಂದರೆ ಅಡುಗೆಮನೆಯಲ್ಲೇ ಉಳಿಯುವವಳು. ಕಾಲೇಜಿನಲ್ಲಿ ಹಾಜರಿ ಕರೆದಾಗಲ್ಲದೆ ಅವಳ ಸ್ವರ ಕೇಳಿದವರಿಲ್ಲ. ಮೀನುಗಾರಿಕೆ ಸಂಶೋಧನೆಯ ಯೋಜನೆಯಲ್ಲಿ ಕೆಲಸ ಸಿಕ್ಕಿದಾಗ ಅವಳಿಗೆ ಆದ ಖುಷಿಗೆ ಕಾರಣ ಒಂದೇ. ಮರುವಾಯಿ ಮಾತಾಡುವುದಿಲ್ಲ! ಹೊಳೆಯ ಕೆಸರಿನಲ್ಲಿ ಬೆಳೆಯುವ ಆ ಚಿಪ್ಪುಮೀನುಗಳನ್ನು ಅಳೆಯುವುದು, ನೀರಿನ ಉಪ್ಪಿನಂಶ ನೋಡುವುದು, ಸಂಜೆ ಬಸ್ಸು ಹತ್ತಿ ಮಣಿಪಾಲದ ರೂಮು ಸೇರುವುದು. ಅಷ್ಟೇ ಅವಳ ಲೋಕ.

ಮರುವಾಯಿ ವರ್ಷ ವರ್ಷ ಕಡಿಮೆಯಾಗುತ್ತಿತ್ತು. ದಡದ ಹೆಂಗಸರು ಮರಿಗಳನ್ನೂ ಬಿಡದೆ ಹೆಕ್ಕುತ್ತಿದ್ದರು. ಸ್ವಲ್ಪ ಕಾಲ ಬಿಟ್ಟರೆ ಹೊಳೆ ಮತ್ತೆ ತುಂಬುತ್ತದೆ ಎಂದು ಯೋಜನೆಯ ಮುಖ್ಯಸ್ಥರಾದ ಸರ್ವೋತ್ತಮ ಸರ್ ಸಭೆಯ ಮೇಲೆ ಸಭೆ ಕರೆದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. "ಹೊಟ್ಟೆಗೆ ನೀವು ಹಾಕ್ತೀರಾ?" ಎಂದು ಕೇಳಿ ಎದ್ದು ಹೋಗಿದ್ದರು.

ದೋಣಿ ಹೊಳೆಯ ನಡುವಿಗೆ ಬಂತು. ಸುಕೇಶ್ ಗಳು ಊರಿ ನಿಲ್ಲಿಸಿದ.

"ಅದು ಕಾಣ್ತದಾ?"

ನೀರಿನ ಮಧ್ಯೆ ಒಂದು ಬಿದಿರು. ಅದರ ತುದಿಯಲ್ಲಿ ಬಾಡಿದ ಮಾವಿನ ಸೊಪ್ಪು.

"ಯಾರೋ ತಡೆ ಇಟ್ಟಿದ್ದಾರೆ. ದೈವದ ಹೆಸರಲ್ಲಿ. ಆ ದಿನದಿಂದ ಒಬ್ಬಳೂ ಹೊಳೆಗೆ ಇಳಿಯಲಿಲ್ಲ. ಹಿಂದಿನ ದಿನ ನನ್ನ ಅಮ್ಮ ಉಳಿದ ಹೆಂಗಸರ ಜೊತೆಯ ಜಗಳದಲ್ಲಿ, ಇನ್ನು ನೀವು ಹೇಗೆ ಹೆಕ್ಕುದು ನೋಡ್ತೇನೆ ಅಂತ ಹೇಳಿದ್ರು. ಬೆಳಿಗ್ಗೆ ನೋಡಿದ್ರೆ ಇದು! ಸೊಪ್ಪು ನಮ್ಮ ಮರದ್ದು. ಈಗ ಇಡೀ ಊರಿಗೆ ನನ್ನ ಅಮ್ಮನೇ ಅಪರಾಧಿ."

ಚೈತಾಲಿ ಆ ಸೊಪ್ಪನ್ನೇ ನೋಡಿದಳು.

ತಡೆ! ಅಜ್ಜಿ ಹೇಳಿದ್ದು ನೆನಪಾಯಿತು. ಗದ್ದೆಯ ತಕರಾರು ಇದ್ದರೆ ದೈವವನ್ನು ನೆನೆದು ಸೊಪ್ಪಿನ ಕೋಲು ಊರುತ್ತಾರೆ. ಊರಿದವರೇ ಬಂದು ಕೀಳುವವರೆಗೆ ಯಾರೂ ಒಂದು ತೆನೆಯನ್ನೂ ಮುಟ್ಟುವಂತಿಲ್ಲ. ಆದರೆ ಗದ್ದೆಗೆ ಇರುವುದು ಹೊಳೆಗೂ ಉಂಟೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಆ ಬಿದಿರನ್ನು ಊರಿದ್ದವಳು ಅವಳೇ. ಬೆಳವಣಿಗೆ ಅಳೆಯಲೆಂದು ಅದರ ಬುಡಕ್ಕೆ ಮರಿ ಮರುವಾಯಿಯ ಬಲೆಚೀಲ ಕಟ್ಟಿದ್ದಳು. ಓಡಾಡುವ ದೋಣಿಗಳು ಬಡಿಯದಿರಲೆಂದು, ದಡದಲ್ಲಿ ಕೈಗೆ ಸಿಕ್ಕಿದ ಗೆಲ್ಲೊಂದನ್ನು ಮುರಿದು ಗುರುತಿಗೆ ತುದಿಗೆ ಬಿಗಿದಿದ್ದಳು. ಅಷ್ಟೇ... ಅಷ್ಟೇ!

ಹೇಳಬೇಕು. ಈಗಲೇ ಹೇಳಬೇಕು.

"ಎಂತ ಕಣ್ಣು ಬಿಟ್ಟು ನೋಡುದು? ಕೆಲಸ ಇಲ್ವಾ ನಿಮಗೆ?" ಅವನು ಗದರಿದ.

ಅವಳು ತಲೆ ತಗ್ಗಿಸಿ ಬುಟ್ಟಿಯಿಂದ ಅಳತೆಪಟ್ಟಿ ತೆಗೆದಳು.

*

ಸಂಜೆ ಸರ್ವೋತ್ತಮ ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದಳು. ಆಚೆಯಿಂದ ಬಂದದ್ದು ಬೈಗುಳವಲ್ಲ, ನಗು!

"ಭಲೇ ಚೈತಾಲಿ! ನಮ್ಮ ಸಭೆಗಳಿಂದ ಆಗದ್ದು ಒಂದು ಗೆಲ್ಲಿನಿಂದ ಆಯ್ತಲ್ಲ ಮಾರಾಯ್ತಿ. ಮರಿಗಳು ಬೆಳೀಲಿ. ಮಳೆಗಾಲದವರೆಗೆ ಬಾಯಿ ಬಿಡಬೇಡಿ."

"ಸರ್, ಆದ್ರೆ ಆ ಅಮ್ಮ..."

"ಊರಿನ ಜಗಳ ಊರಿಗೆ. ನಮಗೆ ಹೊಳೆ ಮುಖ್ಯ."

ಫೋನು ಕಟ್ಟಾಯಿತು. ಹೊಳೆ ಮುಖ್ಯವೇ ಹೌದು. ಮರಿಗಳು ಬೆಳೆಯುತ್ತಿರುವುದೂ ಹೌದು. ಆದರೂ ಆ ಸಂಜೆ ಅವಳಿಗೆ ಅನ್ನ ಇಳಿಯಲಿಲ್ಲ.

ಮರುದಿನ ಸುಕೇಶ್ ಬಿದಿರಿನ ಹತ್ತಿರ ದೋಣಿ ನಿಲ್ಲಿಸಿ, ಸೊಪ್ಪಿನ ಕಟ್ಟನ್ನು ತುಂಬ ಹೊತ್ತು ನೋಡಿದ. ಆಮೇಲೆ ಚೈತಾಲಿಯ ಬುಟ್ಟಿಯನ್ನು ನೋಡಿದ. ಗಳು ಒತ್ತಿ ದೋಣಿಯನ್ನು ಮುಂದೆ ನೂಕಿದ. ಅಂದಿನಿಂದ ಅವನ ಮಾತು ಇನ್ನಷ್ಟು ಮೊನಚಾಯಿತು.

"ಚಿಪ್ಪಿನ ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಕಲಿತಿದ್ದೀರಿ. ಮನುಷ್ಯರ ಒಳಗೆ ನೋಡ್ಲಿಕ್ಕೆ ಕಾಲೇಜಿಲ್ವಾ?"

ಚೈತಾಲಿ ಬಗ್ಗಿ ಅಳತೆ ಬರೆದುಕೊಂಡಳು.

"ಮರುವಾಯಿ ಸಹ ಬಿಸಿನೀರಿಗೆ ಹಾಕಿದ್ರೆ ಬಾಯಿ ಬಿಡ್ತದೆ ಮೇಡಂ. ನಿಮಗೆ ಎಷ್ಟು ಬಿಸಿ ಬೇಕು?"

ಅವಳ ಕಣ್ಣು ತುಂಬುತ್ತಿತ್ತು. ದ್ವೇಷ ಹುಟ್ಟುತ್ತಿತ್ತು. ಎಂಥ ಕಟುಕ ಇವನು! ಆದರೆ ಅದೇ ಕಟುಕ, ಹೊಳೆಯಲ್ಲಿ ತಾನು ಮೀನು ಸಾಕುವ ಪಂಜರಗಳ ಬಳಿ ದೋಣಿ ನಿಲ್ಲಿಸಿ, "ಕೆಂಬೇರಿ ಮರಿಗಳೇ, ಹಸಿವಾಯ್ತಾ?" ಎಂದು ಮಗುವಿನ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದ. ಬಿಸಿಲೇರಿದರೆ ಒಂದೂ ಮಾತಾಡದೆ ಕೊಡೆ ತೆಗೆದು ಅವಳ ಕಾಲ ಬುಡಕ್ಕೆ ಎಸೆಯುತ್ತಿದ್ದ. ಎಸೆಯುವುದೇ... ಕೊಡುವುದಲ್ಲ!

ಎಲ್ಲಕ್ಕಿಂತ ಕಷ್ಟ ಅವನ ಅಮ್ಮ ಕುಶಲಾ.

"ಬಾ ಮಗಾ, ಪುಂಡಿ ತಿನ್ನು," ಎಂದು ಕೆಲವು ವಾರಗಳ ಮೇಲೆ ಒಂದು ದಿನ ಅವಳನ್ನು ಜಗಲಿಗೆ ಕರೆದು, ಆವಿಯಲ್ಲಿ ಬೇಯಿಸಿದ ಅಕ್ಕಿಯ ಉಂಡೆಗಳ ತಟ್ಟೆ ಮುಂದಿಟ್ಟರು. "ಮರುವಾಯಿ ಹಾಕಿ ಮಾಡಿದ್ರೆ ರುಚಿ. ಈಗ ಬರೀ ಪುಂಡಿ."

ಆಗಲೇ ಬೇಲಿಯ ಆಚೆ ಇಮೆಲ್ಡಾ ಹಾದು ಹೋದರು. ವರ್ಷಗಟ್ಟಲೆ ಕುಶಲಾರ ಜೊತೆಗೇ ಹೊಳೆಗೆ ಇಳಿದ ಗೆಳತಿ. ಕುಶಲಾ ಎದ್ದು ನಿಂತರು.

"ಇಮೆಲ್ಡಾ, ದೈವದ ಆಣೆ. ನಾನು ಇಟ್ಟದ್ದಲ್ಲ."

"ಸೊಪ್ಪು ನಡೆದುಕೊಂಡು ಹೋಯಿತಾ ಕುಶಲಕ್ಕಾ? ನಮ್ಮದು ಇಗರ್ಜಿ ಇರಬಹುದು, ಹೊಳೆ ಎಲ್ಲರದ್ದೂ ಒಂದೇ. ನಿಮ್ಮ ಸಿಟ್ಟಿಗೆ ನಮ್ಮ ಒಲೆ ಆರಿಸಿದ್ರಲ್ಲ!"

ಇಮೆಲ್ಡಾ ನೆಲಕ್ಕೆ ಉಗಿದು ಹೋದರು. ಕುಶಲಾ ಕುಸಿದು ಕುಳಿತರು. ತಟ್ಟೆಯ ಪುಂಡಿಯ ಮೇಲೆ ಅವರ ಕಣ್ಣೀರು ಬಿತ್ತು.

ಬಾಗಿಲಲ್ಲಿ ಸುಕೇಶ್. ಅವನು ನೋಡುತ್ತಿದ್ದದ್ದು ಅಮ್ಮನನ್ನಲ್ಲ, ಚೈತಾಲಿಯನ್ನು.

'ನಾನೇ... ಈ ಕಣ್ಣೀರಿಗೆ ನಾನೇ ಕಾರಣ.' ಚೈತಾಲಿ ಬಾಯಲ್ಲಿದ್ದ ಪುಂಡಿ ನುಂಗಿ ಎದ್ದಳು.

*

ಮರುದಿನ ಬೆಳಿಗ್ಗೆ ಹೊಳೆ ಪೂರ್ತಿ ಇಳಿದಿತ್ತು. ದಡದಲ್ಲಿ ಹೆಂಗಸರೆಲ್ಲ ಸೇರಿದ್ದರು. ತಡೆಯ ವಿಷಯ ದೈವಸ್ಥಾನಕ್ಕೆ ಕೊಂಡುಹೋಗುವ ಮಾತು ನಡೆದಿತ್ತು. ಕುಶಲಾ ಒಬ್ಬರೇ, ದೂರದಲ್ಲಿ, ತಲೆ ತಗ್ಗಿಸಿ ನಿಂತಿದ್ದರು.

ಚೈತಾಲಿ ಬಸ್ಸಿಳಿದು ನೇರ ಅವರ ನಡುವೆ ಬಂದು ನಿಂತಳು. ಅಷ್ಟು ಮುಖಗಳು! ಬುಟ್ಟಿಯನ್ನು ಎದೆಗವಚಿಕೊಂಡಳು.

"ಅದು... ಆ ಸೊಪ್ಪು..."

"ಜೋರು ಮಾತಾಡಿ ಮೇಡಂ, ಸೊಳ್ಳೆಯ ಹಾಗೆ ಎಂತ?" ಎಂದಳು ಒಬ್ಬಳು.

"ಆ ಸೊಪ್ಪು ಕಟ್ಟಿದ್ದು ನಾನು!"

ಅವಳ ಜನ್ಮದಲ್ಲೇ ಅವಳು ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. ದಡದ ಕೊಕ್ಕರೆಗಳು ಹಾರಿ ಹೋದವು.

"ದೋಣಿ ತಾಗದ ಹಾಗೆ ಗುರುತಿಗೆ ಕಟ್ಟಿದ್ದು. ತಡೆ ಅಂತ ಆಗ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ... ಹೆದರಿ ಹೇಳಲಿಲ್ಲ. ಕುಶಲಮ್ಮನದ್ದು ಒಂದು ಚೂರೂ ತಪ್ಪಿಲ್ಲ."

ಮುಖಗಳು ಕುಶಲಾರತ್ತ ತಿರುಗಿದವು. ಆಮೇಲೆ ಬೆಂಕಿ.

"ಬೇಕೂಂತಲೇ ಮಾಡಿದ್ದು! ಇವರಿಗೆ ನಾವು ಹೆಕ್ಕುದು ಬೇಡ ಅಲ್ವಾ!"

"ಕಲಿತ ಹೆಣ್ಣಂತೆ! ಇಷ್ಟು ದಿನ ನಮ್ಮನ್ನು ಕೋತಿ ಮಾಡಿದ್ದು!"

ಒಬ್ಬಳು ಅವಳ ಬುಟ್ಟಿ ಕಿತ್ತು ಎಸೆದಳು. ಇಮೆಲ್ಡಾ ಮುಂದೆ ಬಂದರು. ಮುಖ ಕಪ್ಪಿಟ್ಟಿತ್ತು.

"ಊರಿದವರೇ ಕೀಳಬೇಕು. ಹೋಗು. ನಮ್ಮ ಕಣ್ಣೆದುರು ಕೀಳು."

ಚೈತಾಲಿ ನೀರಿಗಿಳಿದಳು. ಸೊಂಟದವರೆಗೆ ನೀರು, ಮೊಣಕಾಲಿನವರೆಗೆ ಕೆಸರು. ಬಿದಿರನ್ನು ಹಿಡಿದು ಎಳೆದಳು. ಅಲ್ಲಾಡಲಿಲ್ಲ. ಮತ್ತೆ ಎಳೆದಳು. ಅಂಗೈ ಸುಲಿಯಿತು.

ದಡದಲ್ಲಿ ಸುಕೇಶ್ ಕೈಕಟ್ಟಿ ನಿಂತಿದ್ದ. ಒಂದು ಹೆಜ್ಜೆ ಮುಂದಿಟ್ಟ. ನಿಂತ. ಅವನು ಮುಟ್ಟುವಂತಿರಲಿಲ್ಲ.

"ಅಡ್ಡ ಅಲ್ಲಾಡಿಸಿ ಮೊದಲು!" ಎಂದು ಕಿರುಚಿದ. "ಬುದ್ಧಿ ಇಲ್ವಾ? ಅಲ್ಲಾಡಿಸಿ, ಆಮೇಲೆ ಎಳೀರಿ!"

ಬೈಗುಳದಲ್ಲೇ ಒಂದು ಬೇಡಿಕೆಯಿತ್ತು. ಅವಳಿಗೆ ಅದು ಕೇಳಿಸಿತು!

ಬಿದಿರು ಬುಳಕ್ಕೆಂದು ಕಿತ್ತು ಬಂತು. ಅದರ ಜೊತೆ ಚೈತಾಲಿ ಹಿಂದಕ್ಕೆ ಉರುಳಿ ಕೆಸರಲ್ಲಿ ಮುಳುಗಿ ಎದ್ದಳು. ಹೆಂಗಸರು ಕಿಸಕ್ಕೆಂದು ನಕ್ಕರು. ಅದು ಪ್ರೀತಿಯ ನಗುವಲ್ಲ. ಆದರೂ ನಗು.

ಅವಳು ದಡಕ್ಕೆ ಬರುವಾಗ ಬಿದಿರೂ ಬಲೆಚೀಲವೂ ಕೈಯಲ್ಲಿದ್ದವು. ಒಳಗೆ ಹೆಬ್ಬೆರಳಿನ ಗಾತ್ರಕ್ಕೆ ಬೆಳೆದ ಮರುವಾಯಿ. ಇಮೆಲ್ಡಾ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

"ಬಿಟ್ಟದ್ದಕ್ಕೇ ಇಷ್ಟು ಆದದ್ದಾ?"

"ಹೌದು. ಇನ್ನು ಸ್ವಲ್ಪ ಬಿಟ್ಟರೆ..."

"ಬಾಯಿ ಮುಚ್ಚು. ಹೇಳ್ಲಿಕ್ಕೆ ಬರಬೇಡ." ಆದರೆ ಅದನ್ನು ಬುಟ್ಟಿಗೆ ಹಾಕಲಿಲ್ಲ. ನೀರಿಗೇ ಎಸೆದರು. ಆಮೇಲೆ ಕುಶಲಾರ ಕಡೆ ತಿರುಗಿದರು. "ಕುಶಲಕ್ಕಾ... ಬರ್ತೀರಾ ಹೊಳೆಗೆ? ದೊಡ್ಡದು ಮಾತ್ರ ಹೆಕ್ಕುವ."

ಕುಶಲಾ ತಕ್ಷಣ ಕರಗಲಿಲ್ಲ. "ನಿನ್ನೆ ಉಗಿದ ಬಾಯಿ ಅಲ್ವಾ ಅದು?" ಎಂದರು. ಆದರೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊರಡುವ ಮುನ್ನ ಚೈತಾಲಿಯ ಮುಂದೆ ನಿಂತರು. "ನನ್ನ ಮನೆಯ ಪುಂಡಿ ತಿಂದು ಸುಮ್ಮನಿದ್ದಿ ನೀನು. ಅದು ನನಗೆ ಮರೀಲಿಕ್ಕೆ ಸ್ವಲ್ಪ ಸಮಯ ಬೇಕು. ನಾಳೆ ದೈವಸ್ಥಾನಕ್ಕೆ ಬಾ, ಕಾಯಿ ಇಟ್ಟು ತಪ್ಪಾಯ್ತು ಅನ್ನು. ನಾನೂ ಬರ್ತೇನೆ."

*

ಎಲ್ಲರೂ ಹೊಳೆಗಿಳಿದ ಮೇಲೆ ಚೈತಾಲಿ ಮಾವಿನ ಮರದ ಬುಡದಲ್ಲಿ ಕುಳಿತಳು. ಬಟ್ಟೆಯೆಲ್ಲ ಕೆಸರು. ಸರ್‌ಗೆ ವಿಷಯ ಮುಟ್ಟಿ ಆಗಿತ್ತು. ಕೆಲಸ ಉಳಿಯುತ್ತದೋ ಇಲ್ಲವೋ...

ಬೈರಾಸೊಂದು ಹಾರಿ ಬಂದು ಅವಳ ಮಡಿಲಲ್ಲಿ ಬಿತ್ತು.

"ಒರೆಸಿಕೊಳ್ಳಿ. ಎಮ್ಮೆಯ ಹಾಗೆ ಕಾಣ್ತೀರಿ."

"ಇನ್ನೂ ಸಿಟ್ಟಾ ನಿಮಗೆ?"

"ಉಂಟು. ತುಂಬ ಉಂಟು." ಸುಕೇಶ್ ದೂರದಲ್ಲೇ ಕುಳಿತ. "ಎರಡನೇ ದಿನವೇ ಗೊತ್ತಾಗಿತ್ತು ನನಗೆ. ಸೊಪ್ಪು ಕಟ್ಟಿದ ಆ ನೀಲಿ ಹಗ್ಗ ನಿಮ್ಮ ಬುಟ್ಟಿಯಲ್ಲಿ ಮಾತ್ರ ಇದ್ದದ್ದು."

ಚೈತಾಲಿ ತಲೆಯೆತ್ತಿದಳು. "ಮತ್ತೆ... ಯಾಕೆ ಹೇಳಲಿಲ್ಲ?"

"ಅಮ್ಮನ ಮುಖ ನೋಡಿದ್ರೆ ಹೇಳುವ ಅನಿಸ್ತಿತ್ತು. ನಿಮ್ಮ ಮುಖ ನೋಡಿದ್ರೆ, ಹೇಳಿದ್ರೆ ಇವರನ್ನು ಇಲ್ಲಿ ಯಾರೂ ಬದುಕಲಿಕ್ಕೆ ಬಿಡುದಿಲ್ಲ ಅನಿಸ್ತಿತ್ತು. ಹೆತ್ತ ಅಮ್ಮನಿಗಿಂತ ನಿಮ್ಮನ್ನು ಉಳಿಸ್ಲಿಕ್ಕೆ ಹೊರಟೆನಲ್ಲ ಅಂತ ನನ್ನ ಮೇಲೇ ಸಿಟ್ಟು. ಅದನ್ನೆಲ್ಲ ನಿಮ್ಮ ಮೇಲೆ ತೆಗೆದದ್ದು. ನೀವೇ ಹೇಳಲಿ ಅಂತ ದಿನಾ ಚುಚ್ಚಿದ್ದು."

ಹೊಳೆಯಿಂದ ಹೆಂಗಸರ ಜಗಳ, ನಗು ಒಟ್ಟಿಗೇ ಕೇಳಿಬರುತ್ತಿತ್ತು. ಅವಳ ಕಣ್ಣಿಂದ ನೀರು ಇಳಿದು ಕೆಸರಿನ ಕೆನ್ನೆಯ ಮೇಲೆ ಗೆರೆ ಎಳೆಯಿತು.

"ನನ್ನನ್ನು ಕ್ಷಮಿಸ್ತೀರಾ?"

"ಅದು ಅಮ್ಮನ ಕೆಲಸ. ನನ್ನದು ಬೇರೆ ತಕರಾರು." ಅವನು, ಅವಳು ಕಿತ್ತು ತಂದ ಬಿದಿರಿನತ್ತ ನೋಡಿದ. ಈಗ ಸ್ವರ ಬೇರೆಯೇ ಆಗಿತ್ತು. "ಹೊಳೆಯದ್ದು ಕಿತ್ತಾಯ್ತು. ನನ್ನ ಎದೆಯಲ್ಲೂ ಒಂದು ಊರಿ ಇಟ್ಟಿದ್ದೀಯಲ್ಲ... ಅದನ್ನು ಯಾರು ಕೀಳುದು?"

ಅವಳ ಬಾಯಿ ಎಂದಿನಂತೆ ಮುಚ್ಚಿಕೊಳ್ಳಲು ನೋಡಿತು. ಇಲ್ಲ, ಇವತ್ತು ಬೇಡ!

"ಊರಿದವರೇ ಕೀಳಬೇಕಲ್ವಾ?" ಎಂದಳು ಮೆಲ್ಲಗೆ.

"ಹೌದು."

"ನನ್ನ ಅಂಗೈ ಸುಲಿದು ಹೋಗಿದೆ. ಇನ್ನು ಕೀಳ್ಲಿಕ್ಕೆ ಆಗುದಿಲ್ಲ."

ಸುಕೇಶ್ ಹತ್ತಿರ ಬಂದು ಆ ಕೈಯನ್ನು ಹಿಡಿದುಕೊಂಡ. ಮೊದಲ ಸಲ, ಅವನು ಏನನ್ನೂ ಎಸೆಯಲಿಲ್ಲ.

"ಹೆಸರು ಎಂತ ಹೇಳಿದ್ದಿ?"

"ನೀವು ಬೇಡ ಅಂದಿದ್ರಿ."

"ಈಗ ಬೇಕು ಮಾರಾಯ್ತಿ."

"ಚೈತಾಲಿ," ಎಂದಳು ಅವಳು, ಹೊಳೆಯ ಆಚೆ ದಡಕ್ಕೂ ಕೇಳುವಷ್ಟು ಜೋರಾಗಿ.